ಚಿವಡಾನ ನೆಗಡಿಯೂ ನನ್ನ ಕಾಲು ಗುಳಿಗೆಯೂ

ಡಾಕ್ಟರಾಗದೆ ಉಳಿದವರಲ್ಲಿ ಎರಡು ಬಗೆ. ಆಗಲಿಲ್ಲವಲ್ಲ ಎಂದು ಸುಮ್ಮನಾಗುವವರು ಒಂದು ಬಗೆ. ಆಗದಿದ್ದರೇನಂತೆ ಎಂದು ಮನೆಯವರ ಮೇಲೆ ಪ್ರಯೋಗಕ್ಕಿಳಿಯುವವರು ಇನ್ನೊಂದು. ನಾನು ಎರಡನೆಯ ಬಗೆಯವನು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೊಟ್ಟೆಪಾಡಿಗೆ ಸೋಲಾಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ಆದರೆ ಮನೆಯ ಹೊಸ್ತಿಲು ದಾಟಿ ಒಳಗೆ ಬಂದೆನೆಂದರೆ ನಾನು ಎಂ.ಡಿ. ಕಪಾಟಿನಲ್ಲಿ ನನ್ನದೊಂದು ಸ್ಟೀಲ್ ಡಬ್ಬಿ ಇದೆ. ಯಾವ ಯಾವ ಕಾಲಕ್ಕೋ ಡಾಕ್ಟರರು ಯಾರು ಯಾರಿಗೋ ಬರೆದುಕೊಟ್ಟ, ಅವರು ಅರ್ಧಕ್ಕೆ ಬಿಟ್ಟ ಗುಳಿಗೆಗಳೆಲ್ಲ ಅದರಲ್ಲಿ ಕೂಡಿಬಿದ್ದಿವೆ. ಮನೆಯಲ್ಲಿ ಯಾರಾದರೂ ಸೀನಿದರೆ, ಆ ಸೀನು ಮುಗಿಯುವಷ್ಟರಲ್ಲಿ ಡಬ್ಬಿಯ ಮುಚ್ಚಳ ನನ್ನ ಕೈಯಲ್ಲಿರುತ್ತದೆ. ಡಾಕ್ಟರರ ಬಳಿ ಹೋಗಿ ಮುಕ್ಕಾಲು ತಾಸು ಬೆಂಚಿನ ಮೇಲೆ ಕೂರುವುದು ತಿಳಿಯದವರ ಕೆಲಸ ಎಂಬುದು ನನ್ನ ಬಹಳ ದಿನದ ಅಭಿಪ್ರಾಯವಾಗಿತ್ತು.

ನನ್ನ ಈ ಡಾಕ್ಟರಿಕೆಗೆ, ನನ್ನನ್ನು ಬಿಟ್ಟರೆ, ಸಿಕ್ಕ ರೋಗಿಗಳು ಇಬ್ಬರೇ, ಅವ್ವ ಮತ್ತು ಹೆಂಡತಿ ಸುನಂದಾ. ಮನೆಯಲ್ಲಿ ಇನ್ನೊಂದು ಜೀವ ಇತ್ತಾದರೂ ಅದು ಆರು ವರ್ಷ ಒಮ್ಮೆಯೂ ಕಾಯಿಲೆ ಬಿದ್ದಿರಲಿಲ್ಲ. ಸುನಂದಾ ಮರಾಠಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಒಂದು ವರ್ಷ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಯಾರೋ ಒಂದು ಗಿನಿಪಿಗ್ ಮರಿ ತಂದಿದ್ದರು. ಪ್ರದರ್ಶನ ಮುಗಿಯಿತು, ಚಾರ್ಟು ತಂದವರು ಚಾರ್ಟು ಒಯ್ದರು, ಮಾಡೆಲ್ಲು ತಂದವರು ಮಾಡೆಲ್ಲು ಒಯ್ದರು, ಮರಿಯನ್ನು ಮಾತ್ರ ಯಾರೂ ಒಯ್ಯಲಿಲ್ಲ. "ಎರಡ ದಿನ ಇರಲಿ ಬಿಡ್ರಿ" ಎಂದು ಸುನಂದಾ ಮನೆಗೆ ತಂದಳು. ಆ ಎರಡು ದಿನ ಇನ್ನೂ ನಡೆದೇ ಇವೆ. ಮೈಮೇಲೆ ಬಿಳಿ, ಕಪ್ಪು, ಕಂದು ಎಲ್ಲ ಅವಲಕ್ಕಿ ಚಿವಡಾದ ಹಾಗೆ ಕಲಸಿಬಿದ್ದಿರುವುದರಿಂದ ಅವನಿಗೆ ಚಿವಡಾ ಎಂದು ಹೆಸರಾಯಿತು. ಅವ್ವನಿಗೆ ಮಾತ್ರ ಅವನು ಇವತ್ತಿಗೂ ಬಾಲ ಇಲ್ಲದ ಇಲಿ. ಹಾಗೆ ಬೈಯುತ್ತಲೇ ಕೊತ್ತಂಬರಿಯ ಎಳೆಯ ದಂಟುಗಳನ್ನು ಆರಿಸಿ ಅವನಿಗೆ ತೆಗೆದಿಡುತ್ತಾಳೆ. ಗಿನಿಪಿಗ್ಗುಗಳ ಜಾತಿಯಲ್ಲಿ ಆರು ವರ್ಷವೆಂದರೆ ಪೆನ್ಶನ್ನಿನ ವಯಸ್ಸಂತೆ. ನನಗೂ ನಿವೃತ್ತಿ ಹತ್ತಿರ ಬಂದಿದೆ. ಹೀಗಾಗಿ ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಒಬ್ಬರನ್ನೊಬ್ಬರು ಎಬ್ಬಿಸಬಾರದು ಎಂದು ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿತ್ತು.

ಈ ಸಲದ ಚಳಿಗಾಲದಲ್ಲಿ ಅವನು ಸೀನತೊಡಗಿದ. ಮೊದಲ ದಿನ ನಾವು ನಕ್ಕೆವು, ಅಷ್ಟು ಸಣ್ಣ ಸೀನು ಅದು. ಮರುದಿನ ಮೂಗು ಒದ್ದೆಯಾಯಿತು, ಕಣ್ಣಂಚಿಗೆ ಬಿಳಿ ಪಿಸುರು ಕಟ್ಟಿತು. ಮೂರನೆಯ ದಿನ ಮುಂಜಾನೆ ಸುನಂದಾ ಕೊತ್ತಂಬರಿ ಹಿಡಿದು ಅವನ ಗೂಡಿನ ಮುಂದೆ ಕುಳಿತಿದ್ದಳು. ಅವನು ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು, ಪಕ್ಕೆಗಳನ್ನು ಎಳೆದೆಳೆದು ಉಸಿರಾಡುತ್ತಿದ್ದ. "ರೀ, ಇಂವಾ ಮೂಸಿ ಸುದ್ದಾ ನೋಡವಲ್ಲ. ನನಗ ಅಂಜಿಕಿ ಆಗಾಕತ್ತದ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಸುನಂದಾ ಅಂಜಿಕೆಯ ಮಾತು ಆಡಿದ್ದು ಕಡಿಮೆ. ನನ್ನ ಕಣ್ಣು ಕಪಾಟಿನ ಕಡೆ ಹೋಯಿತು.

ಆದರೆ ನನಗಿಂತ ಮೊದಲು ಅವ್ವ ಎದ್ದಳು. ಅವಳು ಅಕ್ಕಲಕೋಟ ತಾಲೂಕಿನ ತಡವಳದ ಹೆಣ್ಣುಮಗಳು. ಎಷ್ಟು ಬಾಣಂತನ ಮಾಡಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಕೂಸಿಗೆ ನೆಗಡಿಯಾದರೆ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಆ ಹೊಗೆಯ ಮೇಲೆ ಕೂಸನ್ನು ಆಡಿಸುವುದು ಅವಳ ಪದ್ಧತಿ. "ಕೂಸು ಯಾವುದಾದರ ಏನು, ನೆಗಡಿ ನೆಗಡೀನ" ಎಂದವಳೇ ಚಿವಡಾನನ್ನೂ ಹೊಗೆಯ ಮೇಲೆ ಹಿಡಿದಳು. ಅವನು ಒಂದೇ ಸಮನೆ ಸೀನತೊಡಗಿದ, ಬಾಯಿ ತೆರೆದ. ಸುನಂದಾ ಓಡಿಬಂದು ಕಸಿದುಕೊಂಡು ಕಿಟಕಿಯ ಕಡೆ ಒಯ್ದಳು. ನಾನು ಅವ್ವನಿಗೆ ದೊಡ್ಡ ಭಾಷಣವನ್ನೇ ಮಾಡಿದೆ. ಕಾಲ ಬದಲಾಗಿದೆ, ಸೈನ್ಸ್ ಎಂಬುದೊಂದಿದೆ, ತಿಳಿಯದ ಕೆಲಸಕ್ಕೆ ಕೈ ಹಾಕಬಾರದು ಎಂದೆಲ್ಲ ಹೇಳಿದೆ. ಅವ್ವ ಕೆಂಡ ಆರಿಸಲು ಹಿತ್ತಲಿಗೆ ಹೋದಳು.

ಸುನಂದಾ ಹೊರಗೆ ನಿಂತು ಒಬ್ಬೊಬ್ಬರೇ ದನದ ಡಾಕ್ಟರರಿಗೆ ಫೋನು ಮಾಡುತ್ತಿದ್ದಳು. ನಾನು ಡಬ್ಬಿ ತೆಗೆದೆ. ನನ್ನ ಹಲ್ಲುನೋವಿಗೆ ಕೊಟ್ಟ ಅಮಾಕ್ಸಿಸಿಲಿನ್ ಗುಳಿಗೆ ಎರಡು ಉಳಿದಿದ್ದವು. ನನ್ನ ತೂಕ ಎಪ್ಪತ್ತು ಕಿಲೋ, ಅವನದು ಒಂದು ಕಿಲೋ. ಗಣಿತದ ಪ್ರಕಾರ ಒಂದು ಚಿಟಿಕೆ ಪುಡಿಯಷ್ಟು ಸಾಕು. ಆದರೆ ನಮ್ಮ ಚೂರಿಯಿಂದ ಕಾಲು ಭಾಗಕ್ಕಿಂತ ಸಣ್ಣ ತುಂಡು ಆಗಲಿಲ್ಲ, ಗಣಿತವನ್ನೇ ಸ್ವಲ್ಪ ಸರಿಸಿದೆ. ಮಂಚದ ಮೇಲಿನ ಚಾದರದಲ್ಲಿ ಅವನನ್ನು ಸುತ್ತಿ, ಗಲ್ಲದ ಸಂದಿಯಿಂದ ತುಂಡನ್ನು ಒಳಗೆ ತೂರಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತ ದವಡೆ ಆಡಿಸಿದ. "ಭೇಷ್ ಮಗನ" ಎಂದು ಬೆನ್ನು ಸವರಿದೆ. ಅಷ್ಟರಲ್ಲಿ ಸುನಂದಾ ಒಳಗೆ ಬಂದು, "ಇಲ್ಲಿಯವರು ಫಕ್ತ ನಾಯಿ, ಬೆಕ್ಕು ನೋಡತಾರಂತ. ಅಕ್ಕಲಕೋಟದಾಗ ಒಬ್ಬ ಡಾಕ್ಟರಬಾಯಿ ಅದಾಳಂತ, ಆಕೀಗೆ ಇಂಥಾವು ಗೊತ್ತದ. ನಡೀರಿ" ಎಂದಳು. ನಾನು ಗುಳಿಗೆಯ ಸುದ್ದಿ ಎತ್ತಲಿಲ್ಲ. ಗುಣವಾದ ಮೇಲೆ ಠೀವಿಯಿಂದ ಹೇಳುವ ವಿಚಾರವಿತ್ತು.

ಗಾಡಿಯ ಮೇಲೆ ಹೋದರೆ ಗಾಳಿ ಬಡಿಯುತ್ತದೆಂದು ಎಸ್.ಟಿ. ಬಸ್ಸು ಹಿಡಿದೆವು. ಮುಚ್ಚಳದ ಬುಟ್ಟಿಯಲ್ಲಿ ಟವೆಲ್ಲು ಹಾಸಿ ಅವನನ್ನು ಕೂರಿಸಿ, ಬುಟ್ಟಿಯನ್ನು ಸುನಂದಾ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಂಡಕ್ಟರ್ ಬಂದು, "ಟೋಪಲೀತ ಕಾಯ ಆಹೆ, ಕಾಕಾ? ಕೋಂಬಡೀ ಕಾ?" ಎಂದು ಕೇಳಿದ, ಬುಟ್ಟಿಯಲ್ಲಿ ಕೋಳಿ ಇದೆಯೆಂದು ಅವನ ಅನುಮಾನ. ಸುನಂದಾ ಏಳನೆಯ ಇಯತ್ತೆಯ ಮಕ್ಕಳನ್ನು ಸುಮ್ಮನಿರಿಸುವ ದನಿಯಲ್ಲಿ "ಪೇಶಂಟ್ ಆಹೆ" ಎಂದಳು. ಅವನು ಮುಂದಿನ ಸೀಟಿಗೆ ಹೋದ. ದಾರಿಯುದ್ದಕ್ಕೂ ಅವಳು ಮುಚ್ಚಳ ಸರಿಸಿ ಸರಿಸಿ ಚಿವಡಾನ ಪಕ್ಕೆಯನ್ನು ನೋಡುತ್ತಿದ್ದಳು.

ಅಕ್ಕಲಕೋಟದ ಡಾಕ್ಟರಬಾಯಿ ನಮಗೆ ಮಗಳಾಗುವ ವಯಸ್ಸಿನವಳು. ಸಣ್ಣ ಸ್ಟೆಥಾಸ್ಕೋಪು ಹಚ್ಚಿ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. "ಎದಿಯಾಗ ಕರ್ ಕರ್ ಅನ್ನಾಕತ್ತದರಿ ಕಾಕು. ವಯಸ್ಸಾದ ಜೀವ, ಇನ್ನೆರಡ ದಿನ ಬಿಟ್ಟಿದ್ರ ಕಷ್ಟ ಇತ್ತು." ಹನಿ ಔಷಧ ದಿನಕ್ಕೆ ಎರಡು ಸಲ, ಎರಡು ವಾರ, ನಡುವೆ ಗುಣವಾದಂತೆ ಕಂಡರೂ ಬಿಡಬಾರದು. ವಿಟಮಿನ್ ಸಿ ಬೇಕೇ ಬೇಕು, ಅದನ್ನು ಇವರ ಮೈ ತಾನೇ ತಯಾರಿಸುವುದಿಲ್ಲ. ತಿನ್ನದಿದ್ದರೆ ಹುಲ್ಲಿನ ಪುಡಿ ಕಲಸಿ ಸಿರಿಂಜಿನಿಂದ ತಿನ್ನಿಸಬೇಕು, ಹೊಟ್ಟೆ ಖಾಲಿ ಬಿದ್ದರೆ ಕರುಳು ನಿಂತೇ ಹೋಗುತ್ತದೆ. ದಿನಾ ತೂಕ ನೋಡಬೇಕು. ಹೊಗೆ, ಧೂಳು, ಅಗರಬತ್ತಿ ಹತ್ತಿರ ಸುಳಿಯಬಾರದು. ಹೊಗೆ ಎಂದ ಕೂಡಲೇ ನಾನು ಮುಂದೆ ಬಾಗಿ, "ನಮ್ಮ ತಾಯಿ ಹಾಕ್ಯಾರ್ರಿ. ಹಳೇ ಮಂದಿ, ಎಷ್ಟ ಹೇಳಿದರೂ ತಿಳಿಯೂದಿಲ್ಲ" ಎಂದು ತಲೆಯಾಡಿಸಿದೆ.

"ಬ್ಯಾರೆ ಔಷಧ ಏನರ ಕೊಟ್ಟೀರೇನ್ರಿ ಕಾಕಾ?"

"ಛೇ ಛೇ, ಬಿಲ್ಕುಲ್ ಇಲ್ಲ."

"ಚೊಲೊ ಆತು. ಮಂದಿ ಮನ್ಯಾಗಿನ ಅಮಾಕ್ಸಿಸಿಲಿನ್ ಹಾಕಿಬಿಡತಾರ. ನಮಗ ಅದು ಔಷಧ, ಇವಕ್ಕ ವಿಷ. ಹೊಟ್ಟಿಯಾಗಿನ ಒಳ್ಳೆ ಕ್ರಿಮಿ ಎಲ್ಲಾ ಸಾಯತಾವ, ನಾಕೈದ ದಿನದಾಗ ಜೀವಾನ ಹೋಗತದ."

ಸುನಂದಾ ನನ್ನ ಕಡೆ ಒಮ್ಮೆ ನೋಡಿದಳು. ನಾನು ಗೋಡೆಯ ಮೇಲಿನ ಎಮ್ಮೆಯ ಕರುಳಿನ ಚಿತ್ರವನ್ನು ನೋಡತೊಡಗಿದೆ. ಆಗಲೇ ಹೇಳಬೇಕಾಗಿತ್ತು. ಈಗ ತಾನೆ ಅವ್ವನನ್ನು ಹಂಗಿಸಿದ ಬಾಯಿ, ಅದಕ್ಕೆ ಹೇಳಲು ಬರಲಿಲ್ಲ. ನಾಚಿಕೆಗೆ ಒಂದು ಜೀವ ಒತ್ತೆಯಿಟ್ಟೆ ಎಂದು ಗೊತ್ತಿದ್ದೂ ಔಷಧದ ಚೀಲ ಹಿಡಿದು ಎದ್ದುಬಿಟ್ಟೆ.

ಮರಳುವ ಎಸ್.ಟಿ.ಯಲ್ಲಿ ಸುನಂದಾ ಹಗುರಾಗಿದ್ದಳು. "ಉಳೀತಾನ ಅನಸ್ತದ್ರಿ" ಎಂದು ಎರಡು ಸಲ ಅಂದಳು. ಅವಳು ಹಾಗೆ ಅಂದಾಗಲೆಲ್ಲ ನಾನು ಔಷಧದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದೆ. ವಳಸಂಗದ ಸ್ಟಾಪು ಹೋಯಿತು. ಮುಂದಿನ ಸ್ಟಾಪಿನಲ್ಲಿ ಹೇಳುತ್ತೇನೆ ಎಂದುಕೊಂಡೆ, ಆ ಸ್ಟಾಪೂ ಹೋಯಿತು. ಕುಂಭಾರಿ ಬಂತು, ಇನ್ನು ಸೋಲಾಪುರವೇ. ಬುಟ್ಟಿಯ ಸಂದಿಯಿಂದ ಚಿವಡಾ ಒಂದು ಕಣ್ಣಿನಿಂದ ನನ್ನನ್ನು ನೋಡುತ್ತಿದ್ದ. ನನ್ನಿಂದ ತಡೆಯಲಾಗಲಿಲ್ಲ.

"ಸುನಂದಾ, ಮುಂಜಾನೆ ನಾ ಇವಗ ಕಾಲು ಗುಳಿಗಿ ಹಾಕೀನಿ."

"ಯಾವ ಗುಳಿಗಿ?"

"ಅದ. ಆಕಿ ಹೇಳಿದ್ಲಲ್ಲ, ಅದ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ಯಾಗಿನಿಂದ ಫೋನು ತೆಗೆದು ಡಾಕ್ಟರಬಾಯಿಗೆ ಹಚ್ಚಿ, "ನೀವ ಹೇಳ್ರಿ" ಎಂದು ನನ್ನ ಕೈಗೆ ಕೊಟ್ಟಳು. ಎಸ್.ಟಿ.ಯ ಗಡಗಡ ಸದ್ದಿನಲ್ಲಿ ಪಿಸುಗುಟ್ಟಿದರೆ ಕೇಳುವಂತಿರಲಿಲ್ಲ. ನನ್ನ ತಪ್ಪನ್ನು ನಾನು ಕುಂಭಾರಿಯಿಂದ ಸೋಲಾಪುರದ ಅಂಚಿನ ನಾಕೆಯತನಕ ಕೂಗಿ ಕೂಗಿ ಒಪ್ಪಿಕೊಂಡೆ, ನಲವತ್ತು ಮಂದಿ ಪ್ರಯಾಣಿಕರು ಕೇಳಿದರು. ಆ ಕಡೆಯಿಂದ ಡಾಕ್ಟರಬಾಯಿ "ನುಂಗಿದ್ದು ಖಾತ್ರಿ ಏನ್ರಿ?" ಎಂದಳು. ಖಾತ್ರಿ ಏನು, ನನ್ನ ಕಣ್ಣೆದುರೇ ದವಡೆ ಆಡಿಸಿದ್ದ. ಹೊಟ್ಟೆಗೆ ಬೇರೊಂದು ಪುಡಿಯ ಹೆಸರು ಹೇಳಿ, ತಿನ್ನಿಸುವುದನ್ನು ನಿಲ್ಲಿಸಬೇಡಿ ಎಂದಳು. "ಹಿಕ್ಕಿ ನೋಡಕೋತ ಇರ್ರಿ. ಗಟ್ಟಿ ಇದ್ರ ಬದುಕಿದ. ತೆಳ್ಳಗಾತು ಇಲ್ಲಾ ನಿಂತು ಅಂದ್ರ ಕೂಡಲೇ ಕರ್ಕೊಂಡ ಬರ್ರಿ." ಫೋನು ಇಟ್ಟ ಮೇಲೆ ಮುಂದಿನ ಸೀಟಿನ ಟೊಪ್ಪಿಗೆಯ ಮುದುಕರೊಬ್ಬರು ತಿರುಗಿ, "ನಮ್ಮ ಆಡಿಗೂ ಹಂಗರಿ, ಹಿಕ್ಕಿ ಮ್ಯಾಲ ಎಲ್ಲಾ ತಿಳೀತದ" ಎಂದು ಸಮಾಧಾನ ಹೇಳಿದರು.

ಮನೆಗೆ ಬಂದು ಅವ್ವನಿಗೂ ಹೇಳಬೇಕಾಯಿತು. ಅವಳು ಕೇಳಿಕೊಂಡು, "ನಾ ಹೊಗಿ ಅಷ್ಟ ಹಾಕಿದ್ದೆಪಾ" ಎಂದಳು.

ಮುಂದಿನ ಐದು ದಿನ ನಮ್ಮ ಮನೆಯಲ್ಲಿ ನಾವು ಮೂರು ಮಂದಿ ವಯಸ್ಕರು ಹಿಕ್ಕೆಯ ದಾರಿ ಕಾಯುತ್ತ ಕಳೆದೆವು. ಎರಡು ತಾಸಿಗೊಮ್ಮೆ ಸಿರಿಂಜಿನಿಂದ ಹಸಿರು ಗಂಜಿ. ಸುನಂದಾ ಹಿಡಿದುಕೊಳ್ಳುವುದು, ಅವ್ವ ತಿನ್ನಿಸುವುದು, ನಾನು ಗದ್ದ ಒರೆಸುವುದು. ಔಷಧ ಮುಟ್ಟುವ ಅಧಿಕಾರ ನನಗಿರಲಿಲ್ಲ. ಅಡುಗೆಮನೆಯ ತೂಕದ ಕಾಟೆಯ ಮೇಲೆ ದಿನಾ ಮುಂಜಾನೆ ಅವನನ್ನು ಕೂರಿಸಿ ಮೂವರೂ ಬಾಗಿ ಅಂಕಿ ನೋಡುತ್ತಿದ್ದೆವು. ಎರಡನೆಯ ದಿನ ತೂಕ ಇಳಿಯಿತು. ಮೂರನೆಯ ದಿನ ಮುಂಜಾನೆಯಿಂದ ಹಾಸಿಗೆಯಲ್ಲಿ ಒಂದೂ ಹಿಕ್ಕೆ ಇರಲಿಲ್ಲ. ನಾನು ಆಫೀಸಿಗೆ ಹೋದೆನಾದರೂ ಮನಸ್ಸು ಮನೆಯಲ್ಲೇ. ಪ್ರಿನ್ಸಿಪಾಲರು ಯಾವುದೋ ಫೈಲಿಗೆ ಕರೆದು ಮಾತಾಡುತ್ತಿರುವಾಗಲೇ ಫೋನು ಬಂತು. ಅವ್ವ ಅವಳ ರೂಢಿಯಂತೆ ಒದರಿದಳು: "ಹಾಕ್ಯಾನೋ! ನಾಕು! ಗಟ್ಟಿ ಅವ!" ಪ್ರಿನ್ಸಿಪಾಲರು ಫೈಲು ಬಿಟ್ಟು ನನ್ನನ್ನು ನೋಡಿದರು. "ಮನೆಯಲ್ಲಿ ಪೇಶಂಟ್ ಇದ್ದಾರೆ ಸರ್" ಎಂದೆ. ಅವರು ಬಹಳ ಮರುಕದಿಂದ ಅರ್ಧ ದಿನ ರಜೆ ಕೊಟ್ಟರು. ರಿಕ್ಷಾದಲ್ಲಿ ಕುಳಿತಾಗ ನನ್ನ ಕಣ್ಣು ತುಂಬಿಬಂದವು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಐದನೆಯ ದಿನ ಅವನು ಅವ್ವನ ಕೈಯಿಂದ ಕೊತ್ತಂಬರಿ ದಂಟು ಜಗ್ಗಿ ತಿಂದ. ಅತ್ತೆ ಸೊಸೆ ಇಬ್ಬರೂ ಎರಡು ವಾರ ಹನಿ ಪೂರ್ತಿ ಹಾಕಿದರು, ಎದೆಯ ಸದ್ದು ಹೋಯಿತು, ತೂಕ ಮೊದಲಿನ ಹಾದಿಗೆ ಬಂತು. ಡಾಕ್ಟರಬಾಯಿಗೂ ಅಚ್ಚರಿ. ಕಾಲು ಗುಳಿಗೆ ನುಂಗಿಯೂ ಬದುಕಿದವನನ್ನು ನಾನು ಕಂಡಿಲ್ಲ ಎಂದಳಂತೆ. ಅದನ್ನು ಕೇಳಿ ನನಗೆ ಒಳಗೊಳಗೇ ಸ್ವಲ್ಪ ಹಮ್ಮೂ ಬಂತು. ಪ್ರಮಾಣ ಸರಿಯಾಗಿ ಹಿಡಿದಿದ್ದೆನೇನೋ ಎನ್ನಿಸಿತು.

ಆ ರವಿವಾರ ಸುನಂದಾ, ಈ ಗದ್ದಲದಲ್ಲಿ ಒಗೆಯದೇ ಉಳಿದಿದ್ದ ಮಂಚದ ಚಾದರ ತೆಗೆದು ಝಾಡಿಸಿದಳು. "ರೀ, ಇಲ್ಲಿ ಬರ್ರಿ" ಎಂದು ಕರೆದಳು, ಅವ್ವನೂ ಬಂದಳು. ಅವಳ ಅಂಗೈಯಲ್ಲಿ ಕಾಲು ಗುಳಿಗೆ ಇತ್ತು. ಚಾದರದ ಅಂಚಿನ ಗೊಂಡೆಗಳಲ್ಲಿ ಸಿಕ್ಕಿಕೊಂಡಿತ್ತಂತೆ. ಒಂದು ಬದಿ ಮಾತ್ರ ತುಸು ತೋಯ್ದು ಒಣಗಿತ್ತು, ಉಳಿದಂತೆ ನಾನು ಕತ್ತರಿಸಿದ ಹಾಗೆಯೇ ಇತ್ತು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. "ಉಗುಳ್ಯಾನ, ಬದ್ಮಾಶ! ಎಂಥಾ ಶ್ಯಾಣ್ಯಾ ನೋಡು! ನೀವಿಬ್ಬರೂ ಮೂವತ್ತ ವರ್ಷ ನನ್ನ ಕೈಯಿಂದ ಗುಳಿಗಿ ತಗೊಂಡೀರಿ, ಒಬ್ಬರಿಗರ ಉಗುಳಬೇಕಂತ ಹೊಳೀತೇನು?" ಎಂದು ನಕ್ಕೆ.

ಅವರಿಬ್ಬರೂ ನಗಲಿಲ್ಲ. ಅವ್ವ ಸುನಂದಾಳನ್ನು ನೋಡಿದಳು, ಸುನಂದಾ ಅವ್ವನನ್ನು ನೋಡಿದಳು.

"ಉಗುಳೂದ್ಯಾಕೋ ಹುಚ್ಚಪ್ಪಾ, ಬಾಯಾಗ ಹಾಕ್ಕೊಂಡ್ರ ಅಲ್ಲ?" ಎಂದಳು ಅವ್ವ. "ನಾ ತುಳಸಿ ಬುಡಕ್ಕ ಹಾಕತಿದ್ದೆ."

"ನಂದು ಮೋರಿಯಾಗ" ಎಂದಳು ಸುನಂದಾ. "ಹೇಳಿದ್ರ ನಿಮಗ ಬ್ಯಾಸರ ಆಗತದಂತ ಸುಮ್ಮನಿದ್ದೆವ್ರಿ."

ನಾನು ಅಲ್ಲೇ ಮಂಚದ ಮೇಲೆ ಕುಳಿತು ಸ್ವಲ್ಪ ಹೊತ್ತು ಲೆಕ್ಕ ಹಾಕಿದೆ. ಹಾಗಾದರೆ ಇಷ್ಟು ವರ್ಷ ಆ ಡಬ್ಬಿಯನ್ನು ನಂಬಿ ಅದರೊಳಗಿನದನ್ನು ನಿಜವಾಗಿ ನುಂಗಿದ ಪ್ರಾಣಿ ಈ ಮನೆಯಲ್ಲಿ ಒಂದೇ ಒಂದು. ನಿಮಗೆ ಇದನ್ನೆಲ್ಲ ಬರೆದು ತಿಳಿಸುತ್ತಿರುವುದೂ ಅದೇ.