ನನ್ನ ಕೈಯಲ್ಲಿ ನಿಲ್ಲುತ್ತಿದ್ದ ಗಾಡಿ

ಕೆಲವರಿಗೆ ದೇವರು ಕಿವಿ ಕೊಟ್ಟಿರುವುದು ಕನ್ನಡಕದ ಕಡ್ಡಿ ಸಿಕ್ಕಿಸಿಕೊಳ್ಳುವುದಕ್ಕೆ, ಇನ್ನು ಕೆಲವರಿಗೆ ಫೋನ್ ಒತ್ತಿಕೊಳ್ಳುವುದಕ್ಕೆ. ನನಗೆ ಕೊಟ್ಟಿರುವುದು ಎಂಜಿನ್ ಕೇಳುವುದಕ್ಕೆ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇರುವುದು ನಿಜ, ಆದರೆ ಹೇಳುತ್ತಿರುವುದು ಅದಕ್ಕಲ್ಲ. ಹೊಳೆನರಸೀಪುರದ ಅರಕಲಗೂಡು ರಸ್ತೆಯಲ್ಲಿರುವ ನನ್ನ ಗ್ಯಾರೇಜಿನ ಒಳಗೆ ಗೋಡೆಗೆ ಮುಖ ಮಾಡಿ ಊಟಕ್ಕೆ ಕೂತಿದ್ದರೂ, ರಸ್ತೆಯಲ್ಲಿ ಹೋದ ಬೈಕಿನ ಸದ್ದು ಕೇಳಿಯೇ ಇವನ ಚೈನು ಸಡಿಲ, ಇವನು ಆಯಿಲ್ ಬದಲಾಯಿಸಿ ವರ್ಷವಾಯಿತು, ಇವನು ಇನ್ನೆರಡು ತಿಂಗಳಲ್ಲಿ ನನ್ನ ಬಾಗಿಲಿಗೆ ತಳ್ಳಿಕೊಂಡು ಬರುತ್ತಾನೆ ಎಂದು ಹೇಳಬಲ್ಲೆ. ಎಷ್ಟೋ ಜನ ಎರಡು ತಿಂಗಳೂ ಕಾಯದೆ ಬಂದಿದ್ದಾರೆ.

ಇದನ್ನೆಲ್ಲ ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಏಳನೇ ಕ್ಲಾಸನ್ನೂ ಪೂರ್ತಿ ಮಾಡಿದವನಲ್ಲ. ಬಿಟ್ಟ ದಿನ ಚೆನ್ನಾಗಿ ನೆನಪಿದೆ. ವಿಜ್ಞಾನದ ಮೇಷ್ಟ್ರು ಒಂದು ಗಾಜಿನ ಕೊಳವೆಯನ್ನು ನೀರಿನ ಲೋಟದಲ್ಲಿ ಅದ್ದಿ, ಮೇಲಿನ ತುದಿಗೆ ಬೆರಳು ಒತ್ತಿ ಎತ್ತಿದರು. ನೀರು ಬೀಳಲಿಲ್ಲ. ಬೆರಳು ತೆಗೆದರು, ಬಿತ್ತು. ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ನೋಡಿತು. ನಾನು ಎದ್ದು, "ಇದ್ರಿಂದ ಯಾರ್ಗೇನ್ ಉಪ್ಯೋಗ ಸಾ?" ಎಂದು ಕೇಳಿದೆ. ಮೇಷ್ಟ್ರು, "ಆಚೆ ನಿಂತ್ಕೊಂಡು ಯೋಚ್ನೆ ಮಾಡು" ಎಂದರು. ಆಚೆ ನಿಂತೆ. ಎದುರಿನ ಅಂಗಡಿಯಲ್ಲಿ ಒಬ್ಬರು ಸ್ಕೂಟರಿನ ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡಿದ್ದರು. ಯೋಚನೆಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದವನು ಮತ್ತೆ ಈಚೆಗೆ ದಾಟಲಿಲ್ಲ. ಆ ಕ್ಲಾಸಿನಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದವರು ಆಮೇಲೆ ದೊಡ್ಡ ದೊಡ್ಡ ಕೆಲಸಕ್ಕೆ ಸೇರಿದರು. ಅವರಿಗೆ ಇವತ್ತಿಗೂ ತಮ್ಮ ಗಾಡಿಯ ಪ್ಲಗ್ ಎಲ್ಲಿದೆ ಎಂದು ಗೊತ್ತಿಲ್ಲ.

ಇಂಥ ನನ್ನ ಹತ್ತಿರ ಯೋಗೇಶ ಒಂದು ಮಣ್ಣಿನ ರೇಸಿನ ಬೈಕು ತಂದ. ಯೋಗೇಶ ನನ್ನ ಹೆಂಡತಿಯ ಚಿಕ್ಕಪ್ಪನ ಮಗ, ರಾಮನಾಥಪುರದಲ್ಲಿ ಹೊಗೆಸೊಪ್ಪು ಬೆಳೆದು, ಬೇಯಿಸಿ ಮಾರುತ್ತಾನೆ. ವಯಸ್ಸು ನಲವತ್ತು ದಾಟಿದೆ. ಆ ವಯಸ್ಸಿಗೆ ಮನುಷ್ಯರಿಗೆ ಮಂಡಿ ನೋವು ಶುರುವಾಗುತ್ತದೆ, ಇವನಿಗೆ ರೇಸು ಶುರುವಾಯಿತು. ಎದೆಗೆ ಪ್ಲಾಸ್ಟಿಕ್ ಕವಚ, ಮಂಡಿಗೆ ಚಿಪ್ಪು, ಕೈಗೆ ಗವುಸು ಹಾಕಿಕೊಂಡು ನಿಂತರೆ ಕಾವೇರಿಯಿಂದ ಎದ್ದು ಬಂದ ಏಡಿಯ ಹಾಗೆ ಕಾಣುತ್ತಾನೆ. ಗಾಡಿಯೂ ಹಾಗೆಯೇ. ಯಾರೋ ಓಡಿಸಿ ಬಿಟ್ಟ ವಿದೇಶಿ ಮಾಲು. ಹೆಡ್‌ಲೈಟ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಕನ್ನಡಿ ಇಲ್ಲ, ಹಿಂದೆ ಒಬ್ಬರು ಕೂರುವ ಹಾಗಿಲ್ಲ. ರಸ್ತೆಗೆ ಇಳಿಸುವ ಹಾಗೂ ಇಲ್ಲದ್ದರಿಂದ ಲಗೇಜ್ ಆಟೋದಲ್ಲಿ ಹೊತ್ತು ತರಬೇಕು. ಓಡಿಸುವುದಕ್ಕೆ ತೆಗೆದುಕೊಂಡದ್ದನ್ನು ಹೊತ್ತು ತಿರುಗುವ ಬುದ್ಧಿವಂತಿಕೆ ನನ್ನ ಹೆಂಡತಿಯ ಕಡೆಯವರಿಗೇ ಬರಬೇಕು.

"ಭಾವ, ಐಡ್ಲಿಂಗ್ ನಿಲ್ತಿಲ್ಲ. ಆಕ್ಸಿಲೇಟ್ರು ಬಿಟ್ರೆ ಆಫ್ ಆಗೋಯ್ತದೆ. ಬರೋ ಭಾನ್ವಾರ ದಂಡಿಗನಹಳ್ಳಿ ಅತ್ರ ರಾಗಿ ಒಲದಲ್ಲಿ ರೇಸು. ಬಾವುಟ ಬೀಳೋಗಂಟ ಗಾಡಿ ಚಾಲೂ ಇರ್ಬೇಕು" ಎಂದ.

"ಇಷ್ಟೇನೇನ್ಲಾ? ಟೀ ಕುಡ್ಕೊಂಡ್ ಬಾ, ಓಗು" ಎಂದೆ.

ಕಾರ್ಬೊರೇಟರ್ ಬಿಚ್ಚಿ ನೋಡಿದರೆ ಒಳಗೆ ಅರ್ಧ ರಾಮನಾಥಪುರದ ಮಣ್ಣು. ಜೆಟ್ ಎಂದರೆ ಪೆಟ್ರೋಲ್ ಹೋಗುವ ಸೂಜಿಮೊನೆಯಷ್ಟು ತೂತು, ಅದನ್ನು ತಾಮ್ರದ ಎಳೆಯಿಂದ ಬಿಡಿಸಿ, ಗಾಳಿ ಹೊಡೆದು, ಕೂರಿಸಿ ಕಿಕ್ ಹೊಡೆದೆ. ಊಟ ಮಾಡಿ ತೂಕಡಿಸುವ ದನದ ಹಾಗೆ ನೆಮ್ಮದಿಯಾಗಿ ಐಡ್ಲಿಂಗಿನಲ್ಲಿ ನಿಂತಿತು. ಆಮೇಲೆ ಕೈ ತೊಳೆದು, ಚಪ್ಪಲಿ ಬಿಟ್ಟು, ನಿಂಬೆಹಣ್ಣು ಕಟ್ಟಿದೆ.

ಇದು ನನ್ನ ಗ್ಯಾರೇಜಿನ ಪದ್ಧತಿ. ಇಲ್ಲಿಂದ ಹೊರಡುವ ಯಾವ ಗಾಡಿಯೂ ದೃಷ್ಟಿಗೆ ಕಟ್ಟದೆ ಹೋಗುವುದಿಲ್ಲ. ನನ್ನ ಹೆಂಡತಿ ದಿನಾ ಬೆಳಗ್ಗೆ ಊಟದ ಡಬ್ಬಿಯ ಜೊತೆಗೆ ಕಪ್ಪು ದಾರದಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಳಿಸುತ್ತಾಳೆ. ಮಾಮೂಲಿ ಬೈಕಿಗೆ ಹೆಡ್‌ಲೈಟಿನ ಕೆಳಗೆ ಕಟ್ಟುತ್ತೇನೆ. ಈ ಬೋಳು ಗಾಡಿಗೆ ಎಲ್ಲಿ ಕಟ್ಟುವುದು? ಸುತ್ತ ನೋಡಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ನೆತ್ತಿಯಿಂದ ಕಿರುಬೆರಳಿಗಿಂತ ಸಣ್ಣದೊಂದು ರಬ್ಬರ್ ಕೊಳವೆ ಎದ್ದು, ಹ್ಯಾಂಡಲ್ಲಿನ ನಡುವೆ ತಲೆ ತೂರಿಸಿಕೊಂಡಿತ್ತು. ನಮ್ಮ ಗಾಡಿಗಳಲ್ಲಿ ಅಂಥದ್ದಿಲ್ಲ. ವಿದೇಶದವರು ಕೆಲಸಕ್ಕೆ ಬಾರದ್ದನ್ನೆಲ್ಲ ಸಿಕ್ಕಿಸಿರುತ್ತಾರೆ, ಇರಲಿ, ನಿಂಬೆಹಣ್ಣಿಗೆ ಹೇಳಿ ಮಾಡಿಸಿದ ಜಾಗ ಅಂದುಕೊಂಡು ಬಿಗಿಯಾಗಿ ಎರಡು ಸುತ್ತು ಸುತ್ತಿ ಎರಡು ಗಂಟು ಹಾಕಿದೆ.

ಸಾಯಂಕಾಲ ಅವನ ಹೊಲದಿಂದ ಫೋನು. "ಭಾವ, ಆಫ್ ಆಗೋಯ್ತು. ಒಂದತ್ತು ನಿಮ್ಷ ಚೆಂದಾಗಿರ್ತದೆ. ಆಮೇಲೆ ತಾನೇ ಸದ್ದು ಏರ್ಸ್ಕೊಂಡು, ಕೆಮ್ಮಿ, ಸತ್ತೋಯ್ತದೆ."

"ಪೆಟ್ರೋಲ್ ಐತೇನ್ಲಾ?"

ಮುಚ್ಚಳ ತೆಗೆದು ನೋಡಿದ. "ತುಂಬೈತೆ ಭಾವ."

"ಈಗ ಕಿಕ್ ಒಡಿ. ಫೋನು ಎಂಜಿನ್ ಅತ್ರ ಇಡು."

ಇಟ್ಟ. ಕೇಳಿದೆ. ಒಂದೇ ಸಮನೆ, ಏರಿಳಿತವಿಲ್ಲದ ಸದ್ದು. "ನಿಂತದಲ್ಲೋ" ಎಂದೆ. "ಊಂ ಭಾವ, ಈಗ ನಿಂತದೆ" ಎಂದ. ಫೋನಿನಲ್ಲಿ ಮಾತಾಡಿ ಗಾಡಿ ರಿಪೇರಿ ಮಾಡಿದವನು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದುಕೊಂಡು ಮನೆಗೆ ಹೋಗಿ ಹೆಂಡತಿಗೂ ಹೇಳಿದೆ. ಕಾಲು ಗಂಟೆಗೆ ಮತ್ತೆ ಫೋನು. ಸತ್ತಿತ್ತು.

ಮಾರನೆಯ ದಿನ ಮತ್ತೆ ಲಗೇಜ್ ಆಟೋ. ನಾನು ಮೊದಲು ನಿಂಬೆಹಣ್ಣು ಬಿಚ್ಚಿ ಮೊಳೆಗೆ ನೇತುಹಾಕಿದೆ. ಎಣ್ಣೆ ಕೈಯಲ್ಲಿ ಅದನ್ನು ಮುಟ್ಟಬಾರದು. ಆಮೇಲೆ ಪ್ಲಗ್ ಹೊಸದು ಹಾಕಿದೆ, ವಾಲ್ವ್ ಸರಿಮಾಡಿದೆ, ಗಾಳಿ ಸೋಸುವ ಸ್ಪಂಜನ್ನು ಮಗುವಿಗೆ ತಲೆ ಉಜ್ಜುವ ಹಾಗೆ ತೊಳೆದೆ. ಗಾಡಿ ಗಡಿಯಾರದ ಹಾಗೆ ನಿಂತಿತು. ನಿಂಬೆಹಣ್ಣು ಕಟ್ಟಿ ಕಳಿಸಿದೆ. ಕೊಣನೂರಿನ ಕಡೆ ಯಾರದ್ದೋ ಬಯಲಿನಲ್ಲಿ ಓಡಿಸಿ ನೋಡಿದನಂತೆ. ಅಲ್ಲೂ ಸತ್ತಿತು.

ಈಗ ನೀವೇ ಹೇಳಿ. ನನ್ನ ಕೈಯಲ್ಲಿ ಗಂಟೆಗಟ್ಟಲೆ ನಿಲ್ಲುವ ಗಾಡಿ ಅವನ ಕೈಯಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ ಎಂದರೆ ದೋಷ ಎಲ್ಲಿದೆ? ನಾನು ಬಾಯಿ ಬಿಟ್ಟೇ ಹೇಳಿದೆ. "ಗಾಡಿಗೆ ಮನ್ಸನ ಕೈ ಗೊತ್ತಾಯ್ತದೆ ಕಣ್ಲಾ. ನೀನು ಒಗೆಸೊಪ್ಪು ಬೇಯ್ಸೋ ಕೈಯಲ್ಲಿ ಆಕ್ಸಿಲೇಟ್ರು ಇಡಿದ್ರೆ ಅದುಕ್ಕೂ ಉಸ್ರು ಕಟ್ಟದೆ ಇನ್ನೇನು?" ಪಾಪ, ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡ.

ಎದುರಿನ ಟೀ ಅಂಗಡಿಯಲ್ಲಿ ಸಲಹೆಗಾರರಿಗೆ ಕೊರತೆಯಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯಲು ಬಾರದವನು ಪಿಸ್ಟನ್ ಹೋಗಿದೆ ಎಂದ. ಇನ್ನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿ, ಯಾವುದೋ ದೇಶದ ಗಡ್ಡದವನು ನಗುನಗುತ್ತಾ ಗಾಡಿ ಬಿಚ್ಚುವುದನ್ನು ನನ್ನ ಮೂಗಿಗೆ ಹಿಡಿದ. ಅಂಗಡಿಯ ಪುಟ್ಟಸ್ವಾಮಿ ಮಾತ್ರ ಸಲಹೆ ಕೊಡುವುದಿಲ್ಲ, ಗಾಯ ನೋಡಿ ಉಪ್ಪು ಹಾಕುತ್ತಾನೆ. "ನಂಜಣ್ಣ, ಆಸನದಾಗೆ ಆ ಅನಿಲ್ ಅಂತ ಇಲ್ವಾ, ಡಿಪ್ಲೊಮಾ ಓದಿರೋನು, ಅವನತ್ರ ಕಂಪ್ಯೂಟರ್ ಐತಂತೆ. ಒಂದ್ಸತಿ ತೋರ್ಸ್ಬಾರ್ದಾ?" ಎಂದ.

ಈ ಅನಿಲನ ವಿಷಯ ಹೇಳಬೇಕು. ಹಾಸನದಲ್ಲಿ ಗಾಜಿನ ಬಾಗಿಲಿನ ವರ್ಕ್‌ಶಾಪ್ ಇಟ್ಟಿದ್ದಾನೆ. ಮಡಿಸಿದ ಗೆರೆ ಕೆಡದ ನೀಲಿ ಅಂಗಿ, ಗೋಡೆಗೆ ಫ್ರೇಮು ಹಾಕಿದ ಸರ್ಟಿಫಿಕೇಟು. ಉಗುರಿನಲ್ಲಿ ಗ್ರೀಸ್ ಇಲ್ಲದ ಮೆಕ್ಯಾನಿಕ್ಕು, ಹಿಟ್ಟು ಮುಟ್ಟದ ಅಡುಗೆಯವನು, ಎರಡೂ ಒಂದೇ ಎಂದು ಎರಡು ವರ್ಷದಿಂದ ಆ ಟೀ ಅಂಗಡಿಯಲ್ಲಿ ಹೇಳಿಕೊಂಡು ಬಂದಿದ್ದೆ. ಆದ್ದರಿಂದ ಪುಟ್ಟಸ್ವಾಮಿಯ ಮಾತು ನೇರವಾಗಿ ಎದೆಗೆ ನಾಟಿತು. ಎಲ್ಲರ ಮುಂದೆ ಲೋಟ ಕುಕ್ಕಿ ಹೇಳಿಬಿಟ್ಟೆ: "ಇನ್ನೊಂದ್ಸತಿ ಬಿಚ್ತೀನಿ. ಆಗ್ಲೂ ನಿಲ್ನಿಲ್ಲ ಅಂದ್ರೆ ನಾನೇ ತಗೊಂಡೋಗಿ ಅವನ ಮುಂದೆ ನಿಲ್ಲುಸ್ತೀನಿ. 'ನಂಗೆ ಗೊತ್ತಾಗ್ನಿಲ್ಲ ಕಣಪ್ಪ' ಅಂತೀನಿ, ಸಾಕಾ?" ಮೂವತ್ತು ವರ್ಷದ ಕಸುಬಿನಲ್ಲಿ ಆ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಇದರ ಜೊತೆಗೆ, ಸುದ್ದಿ ರಾಮನಾಥಪುರ ಮುಟ್ಟಿತೆಂದರೆ ಮಾವನ ಮನೆಯ ಜಗುಲಿಯಲ್ಲಿ ನನ್ನ ಕಿವಿಯ ಗತಿ ಏನಾಗಬಹುದೆಂಬುದೂ ಗೊತ್ತಿತ್ತು.

ಮೂರನೇ ಸಲ ಎರಡು ದಿನ ಇಟ್ಟುಕೊಂಡೆ. ಬಿಚ್ಚದೆ ಉಳಿದದ್ದು ಬಣ್ಣ ಮಾತ್ರ. ಗುರುವಾರ ಬೆಳಗ್ಗೆ ಟೀ ಅಂಗಡಿಯ ಮುಂದೆಯೇ ಸ್ಟಾರ್ಟ್ ಮಾಡಿ ನಿಲ್ಲಿಸಿದೆ. ಹತ್ತರಿಂದ ಹನ್ನೊಂದರವರೆಗೆ ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಸಲಹೆಗಾರರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಗೆದ್ದೆ ಎಂದುಕೊಂಡು ಒಳಗೆ ಹೋಗಿ, ಇದ್ದವುಗಳಲ್ಲಿ ದೊಡ್ಡ ನಿಂಬೆಹಣ್ಣು ಆರಿಸಿ ತಂದೆ. ಇಷ್ಟು ಜನರ ಕಣ್ಣು ಬಿದ್ದ ಗಾಡಿ. ಎರಡು ಗಂಟಿನ ಬದಲು ನಾಲ್ಕು ಹಾಕಿದೆ. ಯೋಗೇಶ ಪಕ್ಕದ ಖಾಲಿ ಜಾಗದಲ್ಲಿ ಒಂದಷ್ಟು ಹೊತ್ತು ಸುತ್ತು ಹೊಡೆದು, ನಗುತ್ತಾ ಬಂದು ನನ್ನ ಮುಂದೆ ನಿಲ್ಲಿಸಿ ಕೈ ಬಿಟ್ಟ. ಗಾಡಿ ಸದ್ದು ಏರಿಸಿಕೊಂಡಿತು, ಕೆಮ್ಮಿತು, ಸತ್ತಿತು. ಪುಟ್ಟಸ್ವಾಮಿ ಟವೆಲ್ಲಿನಿಂದ ಬೆಂಚು ಒರೆಸುತ್ತಾ, "ಆಸನಕ್ಕೆ ಲಗೇಜ್ ಆಟೋ ಬೇಕಾದ್ರೆ ನಂಬರ್ ಕೊಡ್ಲಾ ನಂಜಣ್ಣ?" ಎಂದ.

ಶುಕ್ರವಾರ ಹಾಸನಕ್ಕೆ ಹೋದೆವು. ದಾರಿಯುದ್ದಕ್ಕೂ ನನಗಿದ್ದ ಸಮಾಧಾನ ಒಂದೇ. ಈ ಗಾಡಿಗೆ ಕಂಪ್ಯೂಟರ್ ಚುಚ್ಚುವ ಜಾಗವೇ ಇಲ್ಲ. ಅವನು ವೈರು ಹಿಡಿದುಕೊಂಡು ಗಾಡಿಯ ಸುತ್ತ ತಿರುಗುವುದನ್ನು ಕಣ್ತುಂಬ ನೋಡಬೇಕೆಂದಿದ್ದೆ. ಅವನು ವೈರು ತರಲಿಲ್ಲ. "ಬನ್ನಿ ಸರ್, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದು, ಎಳನೀರು ತರಿಸಿದ. ಕಿಕ್ ಹೊಡೆದು, ಕೈ ಕಟ್ಟಿಕೊಂಡು ಸುಮ್ಮನೆ ನಿಂತ. ಓದಿದವರಿಗೆ ಸುಮ್ಮನೆ ನಿಲ್ಲುವುದಕ್ಕೂ ಸಂಬಳ ಬರುತ್ತದೆ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಾ ಎಳನೀರು ಹೀರಿದೆ. ಹತ್ತು ನಿಮಿಷಕ್ಕೆ ಗಾಡಿ ಸತ್ತಿತು. ಅವನು ಬಾಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. 'ಉಸ್' ಎಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದಾಯಿತು.

ಆ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಟ್ಯಾಂಕು ಮುಟ್ಟುವ ಮುಂಚೆ ಪ್ರತಿ ಸಲವೂ ಭಕ್ತಿಯಿಂದ ನಿಂಬೆಹಣ್ಣು ಬಿಚ್ಚುತ್ತಿದ್ದೆನಲ್ಲ. ಇಡೀ ತಾಲ್ಲೂಕಿನ ಎಂಜಿನ್ನುಗಳನ್ನು ಕೇಳುವ ಕಿವಿಗೆ ಆ ಒಂದು ಸದ್ದು ಬೀಳದ ಹಾಗೆ ನಾನೇ ಎರಡು ಸಲ ನೋಡಿಕೊಂಡಿದ್ದೆ.

ಅನಿಲ್ ನಿಂಬೆಹಣ್ಣನ್ನು ಬೆರಳಲ್ಲಿ ಎತ್ತಿ ನೋಡಿದ. "ಈ ಟ್ಯೂಬು ಟ್ಯಾಂಕಿಗೆ ಗಾಳಿ ಹೋಗೋ ದಾರಿ ಸರ್. ದಾರ ಬಿಗಿದು ಮುಚ್ಚಿಹೋಗಿದೆ. ಮೇಲಿಂದ ಗಾಳಿ ಹೋಗ್ದೆ ಕೆಳಗೆ ಪೆಟ್ರೋಲ್ ಇಳಿಯಲ್ಲ" ಎಂದವನು, ನನ್ನ ಮುಖದಲ್ಲಿ ಏನು ಕಂಡನೋ, ನನ್ನ ಎಳನೀರಿನಲ್ಲಿದ್ದ ಸ್ಟ್ರಾದ ಮೇಲಿನ ತುದಿಗೆ ಬೆರಳು ಒತ್ತಿ, ಎತ್ತಿ ಹಿಡಿದ. ನೀರು ಬೀಳಲಿಲ್ಲ. ಬೆರಳು ತೆಗೆದ. ಬಿತ್ತು, ನನ್ನ ಚಪ್ಪಲಿಯ ಮೇಲೆ. ಮೇಷ್ಟ್ರು ಆಚೆ ನಿಂತು ಯೋಚನೆ ಮಾಡು ಎಂದಿದ್ದ ಪ್ರಶ್ನೆಗೆ ಉತ್ತರ ಹಾಸನದಲ್ಲಿ, ಆ ಗೆರೆ ಕೆಡದ ಅಂಗಿಯವನ ಕೈಯಲ್ಲಿ ಕಾದು ಕೂತಿತ್ತು.

"ಇದನ್ನ ಕಟ್ಟಿದ್ದು ಯಾರು ಸರ್?" ಎಂದ.

ಕೊಟ್ಟ ಮಾತಿನ ಪ್ರಕಾರ ನಾನು ಹೇಳಬೇಕಾದದ್ದು ಒಂದೇ ವಾಕ್ಯ. ಬಾಯಿ ತೆರೆದೆ. ಬಂದದ್ದು ಬೇರೆ. "ಯಾವನೋ ಗಮಾರ ಕಟ್ಟಿರ್ಬೇಕು. ಈ ಕಡೆ ಅಳ್ಳಿಗಳಲ್ಲಿ ಅಂಗೇ, ಎಲ್ಲಿ ತೂತು ಕಂಡ್ರೆ ಅಲ್ಲಿಗೆ ದಾರ ಸುತ್ತೋದು."

ಯೋಗೇಶ ಎಳನೀರು ಕುಡಿಯುವುದನ್ನು ನಿಲ್ಲಿಸಿದ. ನಾನು ಅವನ ಕಡೆ ನೋಡಲಿಲ್ಲ. ಅನಿಲನಾದರೂ ನಕ್ಕಿದ್ದರೆ ಎರಡು ಮಾತು ಬೈದು ಹಗುರಾಗಬಹುದಿತ್ತು. ಅವನು, "ಪಾಪ, ಒಳ್ಳೇದಾಗ್ಲಿ ಅಂತಾನೇ ಕಟ್ಟಿರ್ತಾರೆ ಬಿಡಿ ಸರ್" ಎಂದು ಗಂಟುಗಳನ್ನು ಒಂದೊಂದಾಗಿ ಬಿಡಿಸಿ, ಅದೇ ನಿಂಬೆಹಣ್ಣನ್ನು ಹ್ಯಾಂಡಲ್ಲಿನ ಅಡ್ಡಕಂಬಿಗೆ ಕಟ್ಟಿದ. ಕಟ್ಟುವ ಮುಂಚೆ ಶೂ ಬಿಟ್ಟಿದ್ದ. ಅದನ್ನು ನಾನು ನೋಡಬಾರದಿತ್ತು.

ವಾಪಸು ಬರುವಾಗ ಲಗೇಜ್ ಆಟೋದ ಮುಂದಿನ ಸೀಟಿನಲ್ಲಿ ಯೋಗೇಶ, ನಾನು ಭುಜಕ್ಕೆ ಭುಜ ಒತ್ತಿಕೊಂಡು ಕೂತಿದ್ದೆವು. ನಾನು ರಸ್ತೆ ಗುಂಡಿಯ ಬಗ್ಗೆ, ಬಿಸಿಲಿನ ಬಗ್ಗೆ, ಡಿಪ್ಲೊಮಾದವರು ಎಳನೀರಿಗೆ ಸ್ಟ್ರಾ ಹಾಕುವ ದುರಭ್ಯಾಸದ ಬಗ್ಗೆ ಮಾತಾಡಿ ನೋಡಿದೆ. ಹೊಳೆನರಸೀಪುರ ಬಂತು. ಇಳಿದೆ. ಎದುರಿಗೆ ಪುಟ್ಟಸ್ವಾಮಿ ಟೀ ಸೋಸುವುದನ್ನು ಬಿಟ್ಟು ಈ ಕಡೆ ಕಣ್ಣು ನೆಟ್ಟಿದ್ದ. ಆಗ ಯೋಗೇಶ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಂಗಡಿಗೂ ಕೇಳುವ ಹಾಗೆ, "ಗಾಡಿ ಸರಿಯಾಯ್ತಲ್ಲ ಭಾವ, ಅಷ್ಟ್ ಸಾಕು" ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಭಾನ್ವಾರ ರೇಸಿಗೆ ಆ ಗಮಾರನ್ನೂ ಬರೋಕೇಳು. ಅವನು ಪಕ್ಕದಲ್ಲಿ ನಿಲ್ದಿದ್ರೆ ನಂಗೆ ಧೈರ್ಯ ಬರಲ್ಲ. ನಿಂಬೆಅಣ್ಣು ಮಾತ್ರ ಮನೇಲೇ ಬಿಟ್ಬರ್ಲಿ."

ಆ ಗಮಾರನಿಗೆ ಹೇಳಿದ್ದೇನೆ. ಏಳನೇ ಕ್ಲಾಸಿನಿಂದಲೂ ಯಾರ ಮಾತನ್ನೂ ಕೇಳಿದವನಲ್ಲ ಅವನು, ಈ ಸಲ ಯಾಕೋ ಒಪ್ಪಿಕೊಂಡಿದ್ದಾನೆ.