ದವಾಖಾನೆಗೆ ಹೊರಟ ಹಸಿರು ಸೀರೆ

ಗೋಕಾಕ ಸೀಮೆಯಲ್ಲಿ ಅಲ್ಲಿಯವರೆಗೆ ಆದ ಹೆರಿಗೆಗಳೆಲ್ಲ ಹೇಗೋ ಆಗಿಹೋದ ಹೆರಿಗೆಗಳು, ವ್ಯವಸ್ಥೆಯಿಂದ ಆಗುವ ಮೊದಲ ಹೆರಿಗೆ ನನ್ನ ಮನೆಯದೇ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಹಾಗೆ ಹೇಳಿಕೊಳ್ಳುವ ಹಕ್ಕೂ ನನಗಿತ್ತು. ಕುಲಗೋಡದ ನಾಟಕ ಮಂಡಳಿಗೆ ನಾನೇ ಮಾಸ್ತರ. ಹಗ್ಗ ಕಟ್ಟಿ, ರಾಟೆ ಹಾಕಿ, ಸ್ವರ್ಗದಿಂದ ದೇವರನ್ನೇ ರಂಗದ ಮೇಲೆ ಇಳಿಸಿದವನು. ಅಂಥವನಿಗೆ ಒಂದು ಕೂಸನ್ನು ಭೂಮಿಗೆ ಇಳಿಸಿಕೊಳ್ಳುವುದು ಯಾವ ದೊಡ್ಡ ಮಾತು?

ಮಾಸ್ತರಿಕೆಯ ಜೊತೆಗೆ ಇನ್ನೊಂದು ಹೊರೆಯೂ ನನ್ನ ಪಾಲಿಗೆ ಬಂದಿತ್ತು. ನಮ್ಮೂರ ಹೆಂಗಸರು ರಂಗ ಹತ್ತುತ್ತಿರಲಿಲ್ಲ, ಗಂಡಸರು ಮೀಸೆ ಬೋಳಿಸಲು ಒಪ್ಪುತ್ತಿರಲಿಲ್ಲ. ಹೀಗಾಗಿ ರಾಣಿ, ಪತಿವ್ರತೆ, ಮಲತಾಯಿ ಎಲ್ಲವೂ ನಾನೇ. ನಾನು ಸೆರಗು ಕಚ್ಚಿ ಅಳಲು ಕುಳಿತೆನೆಂದರೆ ಮುಂದೆ ಕುಳಿತ ಮುದುಕಿಯರು ಮೂಗು ಒರೆಸಿಕೊಳ್ಳುತ್ತಿದ್ದರು. "ಪರಪ್ಪ ಮಾಸ್ತರ ಅತ್ತಂಗ ಹುಟ್ಟಾ ಹೆಂಗಸರಿಗೂ ಅಳಾಕ ಬರೂದಿಲ್ಲ" ಎಂಬ ಹೆಸರನ್ನು ಗಳಿಸಿದ್ದೆ. ಆ ಹೆಸರೇ ನನ್ನ ಕಾಲು ಮುರಿಯಿತು.

ಚೊಚ್ಚಲಿಗೆ ತವರಿಗೆ ಹೋಗುವುದು ರೂಢಿ. ಆದರೆ ನನ್ನ ಹೆಂಡತಿ ಶಿವಗಂಗವ್ವ ಹುಕ್ಕೇರಿಯ ತವರಿಗೆ ಹೋಗಲಿಲ್ಲ. ಆ ಮನೆಯಲ್ಲಿ ಅವಳ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಬೇನೆ ಬಿಗಿದಾಗ ದವಾಖಾನೆಗೆ ಒಯ್ಯೋಣವೆಂದರೆ ಚಕ್ಕಡಿ ಸಿಗಲಿಲ್ಲ. ಸಿಗುವಷ್ಟರಲ್ಲಿ ಒಯ್ಯುವ ಕಾರಣ ಉಳಿಯಲಿಲ್ಲ. ಅದಕ್ಕೇ ನನ್ನ ಅತ್ತೆ ಉದ್ದವ್ವ ತಾನೇ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಬಂದವಳು ನೀರು ಕುಡಿಯುವ ಮೊದಲೇ, ಬಾಗಿಲ ಮರೆಯಲ್ಲಿ ನಿಂತು, "ಅಳಿಯಾರ, ಕೂಸು ಮನ್ಯಾಗ ಆಗಲಿ. ಆದ್ರ ಬಾಗಲಕ ಚಕ್ಕಡಿ ನಿಂತಿರಬೇಕು. ನಾ ಕೇಳೂದು ಇಷ್ಟ" ಎಂದಳು.

ಗೋಕಾಕದ ದವಾಖಾನೆಯ ಡಾಕ್ಟರಬಾಯಿಯೂ ಅದನ್ನೇ ಹೇಳಿದ್ದರು. ಶಿವಗಂಗವ್ವಳನ್ನು ಪರೀಕ್ಷಿಸಿ, "ಎಲ್ಲಾ ಸರಳ ಐತಿ, ಮನ್ಯಾಗ ಆಗಬಹುದು. ಬ್ಯಾನಿ ಬಂದು ಒಂದು ಹಗಲು ಕಳದ್ರೂ ಕೂಸು ಬರಲಿಲ್ಲಂದ್ರ, ಇಲ್ಲಾ ರಕ್ತ ಭಾಳ ಹೋತಂದ್ರ, ಸೀದಾ ಇಲ್ಲಿಗೆ ತರ್ರಿ" ಎಂದಿದ್ದರು. ಸರಳವಾದ ಮಾತು. ಅದನ್ನು ಸರಳವಾಗಿಯೇ ಬಿಟ್ಟಿದ್ದರೆ ನಾನು ಮಾಸ್ತರ ಹೇಗಾಗುತ್ತಿದ್ದೆ?

ಒಳಕೋಣೆಗೆ ಸುಣ್ಣ ಬಳಿಸಿದೆ. ಹಳೆಯ ಧೋತರಗಳನ್ನು ಕುದಿಸಿ ಒಣಗಿಸಿ ಗಂಟು ಕಟ್ಟಿಸಿದೆ. ಸೂಲಗಿತ್ತಿ ಲಗಮವ್ವಳಿಗೆ ಊರು ಬಿಟ್ಟು ಕದಲಬೇಡವೆಂದು ತಾಕೀತು ಮಾಡಿದೆ. ಇದು ಮನೆಯ ಅಂಕ. ಇನ್ನು ದವಾಖಾನೆಯ ಅಂಕ. ಚಕ್ಕಡಿಗೆ ಬಿದಿರಿನ ಕಮಾನು ಕಟ್ಟಿ ಮೇಲೆ ಗೋಣಿಯ ತಟ್ಟು ಹೊದಿಸಿದೆ. ಒಳಗೆ ಮೊಳಕಾಲೆತ್ತರ ಹುಲ್ಲು, ಅದರ ಮೇಲೆ ಎರಡು ಕೌದಿ, ತಲೆಗಿಂಬು, ನೀರಿನ ತಂಬಿಗೆ. ಕಮಾನಿಗೆ ಕೆಂಪು ಬಟ್ಟೆ ಕಟ್ಟಿ, ಇಂಥ ಚಕ್ಕಡಿ ಕಂಡ ಕೂಡಲೇ ಏನನ್ನೂ ಕೇಳದೆ ಒಳಗೆ ಎತ್ತಿಕೊಂಡು ಹೋಗಬೇಕೆಂದು ದವಾಖಾನೆಯವರಿಗೆ ಹೇಳಿ ಬಂದೆ. ಹಾಗೆಂದು ಹೇಳಲು ಮೂರು ಸಲ ಹೋಗಿದ್ದೆ. ಮೂರನೆಯ ಸಲ ಡಾಕ್ಟರಬಾಯಿ ನನ್ನನ್ನು ದೂರದಿಂದ ಕಂಡು ಹಿಂದಿನ ಬಾಗಿಲಿನಿಂದ ಹೊರಟುಹೋದರು.

ಕೊರತೆ ಉಳಿದದ್ದು ಒಂದೇ, ಎಡಗಡೆಯ ಎತ್ತು. ಅದನ್ನು ಮೂಡಲಗಿಯ ದನದ ಸಂತೆಯಲ್ಲಿ ಕೊಂಡಿದ್ದೆ. ಹೊಲದ ಗಳೆಗೆ ಅಂಜುವುದಿಲ್ಲ, ಚಕ್ಕಡಿಗೆ ಅಂಜುವುದಿಲ್ಲ ಎಂದು ಮಾರಿದವನು ಆಣೆ ಇಟ್ಟು ಹೇಳಿದ್ದ. ಸುಳ್ಳೇನೂ ಹೇಳಿರಲಿಲ್ಲ. ಅದು ಅಂಜುತ್ತಿದ್ದುದು ಸೀರೆಗೆ. ಸೀರೆ ಉಟ್ಟ ಆಕೃತಿ ಹತ್ತಿರ ಬಂದರೆ ಸಾಕು, ಕಣ್ಣು ಅಗಲಿಸಿ, ಬಾಲ ಎತ್ತಿ, ಗೂಟ ಕಿತ್ತುಕೊಂಡು ಹೋಗುತ್ತಿತ್ತು. ಅತ್ತೆ ಬಂದ ದಿನ ಅದು ಮೇವು ಹಾಕುವ ಗ್ವಾದಲಿಯನ್ನು ಹಾರಿ ಹಿತ್ತಲಿನ ಗೋಡೆ ಕೆಡವಿತು.

ಶಿವಗಂಗವ್ವ ಬಿದ್ದ ಗೋಡೆಯನ್ನು ನೋಡಿ, "ಹೆಣ್ಣಮಕ್ಕಳಿಗೆ ಅಂಜೂ ಗಂಡು ಈ ಮನ್ಯಾಗ ಒಂದ ಇತ್ತು, ಈಗ ಎರಡಾದ್ವು" ಎಂದಳು.

ಬೇರೆ ಎತ್ತು ತರೋಣವೆಂದರೆ ಅದು ಕಬ್ಬಿನ ಗಾಣದ ಕಾಲ, ಊರಿನ ಎತ್ತುಗಳೆಲ್ಲ ಗಾಣಕ್ಕೆ ಹೂಡಿದ್ದವು. ಸರ್ವಿಸ್ ಮೋಟಾರು ಇತ್ತು, ಆದರೆ ಅದು ಮನಸ್ಸು ಬಂದ ದಿನ ಬರುತ್ತಿತ್ತು. ಹಾಗಾದರೆ ಎತ್ತಿಗೇ ತಾಲೀಮು ಕೊಡುವುದು ಎಂದು ತೀರ್ಮಾನಿಸಿದೆ.

"ನೀ ದಿನಾ ಮುಂಜಾನೆ ಎತ್ತಿನ ಮುಂದ ಎರಡು ಸರತೆ ಅಡ್ಡಾಡು" ಎಂದೆ ಹೆಂಡತಿಗೆ.

"ಅದು ಹಾಯ್ತಂದ್ರ?"

"ರೂಢಿ ಆಗೂಮಟಾ ಹಾಯಬಹುದು."

"ಹಂಗಾರ ನೀವ ನನ್ನ ಸೀರಿ ಉಟಕೊಂಡ ಅಡ್ಡಾಡ್ರಿ. ನಿಮಗ ಅದೇನು ಹೊಸಾದಲ್ಲ."

ಅವಳು ಹೇಳಿದ್ದು ಚೇಷ್ಟೆಗೆ. ನನಗೆ ಮಾತ್ರ ಅದು ಶುದ್ಧ ವಿವೇಕವಾಗಿ ಕಂಡಿತು. ಮರುದಿನವೇ ಅವಳ ಹಸಿರು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಎತ್ತಿನ ಮುಂದೆ ಸುಳಿದಾಡಿದೆ. ಮೊದಲು ಬುಸುಗುಟ್ಟಿತು. ಎರಡು ದಿನ ಕಳೆಯುವಷ್ಟರಲ್ಲಿ ನನ್ನ ಕೈಯಿಂದ ಹಿಂಡಿ ತಿನ್ನತೊಡಗಿತು. ನಾನು ಉಬ್ಬಿದೆ. ಇನ್ನು ಉಳಿದದ್ದು ಪೂರ್ಣ ತಾಲೀಮು: ಸೀರೆ ಉಟ್ಟು, ಹೊಟ್ಟೆಗೆ ತಲೆಗಿಂಬು ಕಟ್ಟಿ, ಚಕ್ಕಡಿಯಲ್ಲಿ ಮಲಗಿ, ಊರ ಹಳ್ಳದವರೆಗೆ ಹೋಗಿ ಬರುವುದು.

ಚಕ್ಕಡಿ ಹೊಡೆಯುವವನು ನನ್ನ ಗೆಳೆಯ ಬೀರಸಿದ್ದಪ್ಪ. ನಾಟಕದಲ್ಲಿ ಅವನು ಯಾವಾಗಲೂ ದ್ವಾರಪಾಲಕ, ಮಾತು ಕಡಿಮೆ.

"ಮಾಸ್ತರ, ಹೊಟ್ಟಿಗೆ ತಲಿಗಿಂಬು ಯಾಕ್ರಿ? ಎತ್ತು ಹೊಳ್ಳಿ ನೋಡತೈತೇನು?" ಎಂದ.

"ಪಾತ್ರ ಮೈಯಾಗ ಇಳೀಬೇಕಂದ್ರ ಬೇಕೋ. ಇನ್ನೊಂದು, ನಾ ನಳ್ಳತೇನಿ. ಬ್ಯಾನಿ ತಿನ್ನಾಕಿ ಸುಮ್ನ ಮಲಗಿರ್ತಾಳೇನು? ಆ ದನಿಗೂ ಎತ್ತು ರೂಢಿ ಆಗಬೇಕು."

ಬಾಗಿಲಲ್ಲಿ ನಿಂತಿದ್ದ ಶಿವಗಂಗವ್ವ, "ಸೀರಿ ಹರಕೊಂಡ ಬರಬ್ಯಾಡ್ರಿ" ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು.

ಚಕ್ಕಡಿ ಹೊರಟಿತು. ಭಾವಿಯ ಹತ್ತಿರ ಬರುತ್ತಲೇ ನಾನು ನರಳತೊಡಗಿದೆ. ಮೊದಲು ಸಣ್ಣಗೆ, ಆಮೇಲೆ ತಡೆತಡೆದು, ನಡುನಡುವೆ "ಯವ್ವಾ, ಸತ್ತೆ" ಎಂದು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಎಂದೂ ಅಭಿನಯಿಸಿಲ್ಲ. ನೀರು ಸೇದುತ್ತಿದ್ದ ಹೆಂಗಸರು ಕೊಡ ಬಿಟ್ಟು ನಿಂತರು. ಕಮಾನಿನ ಕೆಂಪು ಬಟ್ಟೆ ಕಂಡಿತು, ಹಸಿರು ಸೆರಗು ಕಂಡಿತು, ಹೊಟ್ಟೆ ಕಂಡಿತು. ಶಿವಗಂಗವ್ವಳಿಗೆ ಬೇನೆ ಬಿಗಿದಿದೆ, ದವಾಖಾನೆಗೆ ಒಯ್ಯುತ್ತಿದ್ದಾರೆ ಎಂಬ ಸುದ್ದಿ ಚಕ್ಕಡಿಗಿಂತ ಮೊದಲೇ ಊರ ಅಗಸೆ ದಾಟಿತು.

ಸುದ್ದಿ ಮುಟ್ಟಿದವರಲ್ಲಿ ಲಗಮವ್ವಳೂ ಒಬ್ಬಳು. ಊರು ಬಿಟ್ಟು ಕದಲಬೇಡ ಎಂದು ತಾಕೀತು ಮಾಡಿದವನೇ ತನಗೆ ಒಂದು ಮಾತು ಹೇಳದೆ ದವಾಖಾನೆಗೆ ಹೊರಟನಲ್ಲ ಎಂದು ಅವಳಿಗೆ ಸಿಟ್ಟು ನೆತ್ತಿಗೇರಿತು. ಹೊಲಗಳ ನಡುವೆ ಅಡ್ಡ ಹಾಯ್ದು ಓಡಿ, ಹಳ್ಳದ ದಂಡೆಯಲ್ಲಿ ನಮ್ಮನ್ನು ಹಿಡಿದಳು. ಬೀರಸಿದ್ದಪ್ಪ ನೋಡುವಷ್ಟರಲ್ಲಿ ಚಕ್ಕಡಿಯನ್ನು ಹಿಂದಿನಿಂದ ಏರಿ, "ತಂಗಿ, ಅಂಜಬ್ಯಾಡ, ನಾ ಬಂದೇನಿ. ಕೂಸು ಎಷ್ಟು ಕೆಳಗ ಇಳದೈತಿ ನೋಡೂಣು" ಎನ್ನುತ್ತ ಕೌದಿಯೊಳಗೆ ಕೈ ಹಾಕಿದಳು.

ನಾನು ಗಂಡು ದನಿಯಲ್ಲಿ ಕೂಗಿದೆ. ಅದನ್ನು ಕೇಳಿ ಲಗಮವ್ವ ಕೂಗಿದಳು. ಅವಳ ಕೈಗೆ ತಲೆಗಿಂಬು ಬಂದಿತ್ತು. ಹಿಂದೆ ಯಾರು ಕೂಗುತ್ತಿದ್ದಾರೆಂದು ಎಡಗಡೆಯ ಎತ್ತು ಹೊರಳಿ ನೋಡಿತು. ತನಗೆ ರೂಢಿ ಮಾಡಿಸಿದ್ದು ಒಂದು ಸೀರೆ, ಅಲ್ಲಿ ಕಂಡದ್ದು ಎರಡು.

ಮುಂದಿನದನ್ನು ನಾನು ಸರಿಯಾಗಿ ನೋಡಲಿಲ್ಲ, ಮೇಲೆ ಕೆಳಗೆ ಆಗುತ್ತಿದ್ದೆ. ಚಕ್ಕಡಿ ಹಳ್ಳ ದಾಟಿತು, ಗೋಕಾಕದ ದಾರಿ ಹಿಡಿಯಿತು, ಒಂದು ಗಾಲಿ ತಗ್ಗಿಗೆ ಇಳಿಯಿತು. ಲಗಮವ್ವ ಕಬ್ಬಿನ ಒಣ ರವದಿಯ ರಾಶಿಯ ಮೇಲೆ ಬಿದ್ದು ಎದ್ದು ಕುಳಿತಳು. ನಾನು ಕಲ್ಲಿನ ಮೇಲೆ ಬಿದ್ದೆ, ಏಳಲಿಲ್ಲ. ಬಲಗಾಲು ಮೊಳಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು.

ಬೀರಸಿದ್ದಪ್ಪ ಎತ್ತುಗಳನ್ನು ಹಿಡಿದು ತಂದ. ಲಗಮವ್ವ ಕಾಲು ನೋಡಿ, "ಇದು ದವಾಖಾನಿಗೇ ಹೋಗಬೇಕು" ಎಂದಳು. ನೋವಿನಲ್ಲೂ ನನಗೆ ಮನೆಯ ನೆನಪಾಯಿತು. "ನೀ ಹೊಳ್ಳಿ ಹೋಗು ಲಗಮವ್ವ. ಮನ್ಯಾಗ ಅತ್ತಿ ಒಬ್ಬಾಕಿನ ಅದಾಳ" ಎಂದೆ. ಸೊಂಟ ಹಿಡಿದುಕೊಂಡು, ನನ್ನ ವಂಶವನ್ನೆಲ್ಲ ಬೈಯುತ್ತ ಅವಳು ಊರಿನ ಕಡೆ ನಡೆದಳು.

ಚಕ್ಕಡಿ ಮುಂದೆ ಸಾಗಿತು. ಹುಲ್ಲು, ಕೌದಿ, ನೀರಿನ ತಂಬಿಗೆ, ಎಲ್ಲ ಹೇಳಿಮಾಡಿಸಿದಂತೆ ಉಪಯೋಗಕ್ಕೆ ಬಂದವು. ಪ್ರತಿ ಕುಲುಕಿಗೂ ನಾನು ನರಳುತ್ತಿದ್ದೆ. ಬೀರಸಿದ್ದಪ್ಪ ಹಿಂದೆ ತಿರುಗದೆ ಹೇಳಿದ: "ಖರೇ ಹೇಳಲ್ರಿ ಮಾಸ್ತರ? ತಾಲೀಮಿನ್ಯಾಗ ಇದಕಿಂತ ಚಲೋ ನಳ್ಳಿದ್ರಿ."

ದವಾಖಾನೆಯ ಮುಂದೆ ಚಕ್ಕಡಿ ನಿಂತಾಗ ಹೊತ್ತು ಇಳಿದಿತ್ತು. ಅಂಗಳದ ತುಂಬ ಗೋಕಾಕದ ಮಂದಿ. ಅರ್ಧ ಮಂದಿ ನನ್ನ ನಾಟಕ ನೋಡಿದವರು. ನಾಚಿಕೆಯಿಂದ ಮುಖದ ಮೇಲೆ ಸೆರಗು ಎಳೆದುಕೊಂಡೆ. ಕೆಂಪು ಬಟ್ಟೆ ಕಂಡದ್ದೇ ತಡ, ನಾನು ಮೂರು ಸಲ ಹೋಗಿ ಹೇಳಿದ್ದಂತೆಯೇ, ಯಾರೂ ಏನನ್ನೂ ಕೇಳದೆ ನನ್ನನ್ನು ಎತ್ತಿಕೊಂಡು ನೇರವಾಗಿ ಹೆರಿಗೆಯ ಕೋಣೆಗೆ ಒಯ್ದರು.

ನರ್ಸಬಾಯಿ ತಲೆ ಸವರಿ, "ಬ್ಯಾನಿ ಯಾವಾಗಿಂದ ಅದಾವ ತಂಗಿ?" ಎಂದಳು.

ಕೋಣೆಯ ಆಚೆ ಗಂಡಸರು ನಿಂತಿದ್ದರು. ಗಂಡು ದನಿ ತೆಗೆದರೆ ಮಾನ ಹೋದೀತೆಂದು ಪತಿವ್ರತೆಯ ದನಿಯಲ್ಲಿ, "ಹಳ್ಳ ದಾಟಿದಾಗಿಂದ್ರಿ" ಎಂದೆ.

"ಎಲ್ಲಿ ನೋಯತೈತಿ?"

"ಕಾಲಾಗ್ರಿ."

"ಕೆಲವರಿಗೆ ಕಾಲಾಗ ಹಿಡೀತಾವ. ಧೈರ್ಯ ಬಿಡಬ್ಯಾಡ" ಎಂದು ಸಮಾಧಾನ ಹೇಳಿ ಬಿಸಿನೀರು ತರಲು ಹೋದಳು.

ಡಾಕ್ಟರಬಾಯಿ ಬಂದು ಸೆರಗು ಸರಿಸಿದರು.

"ಪರಪ್ಪಾ, ಹೆಂಡತಿನ್ನ ಕರಕೊಂಡ ಬರತೇನಿ ಅಂದಿದ್ರಿ."

"ಹೌದ್ರಿ."

"ಅಕಿ ಎಲ್ಲಿ?"

"ಮನ್ಯಾಗ ಅದಾಳ್ರಿ. ನಾವು ಬರೇ ತಾಲೀಮು ಮಾಡಾಕತ್ತಿದ್ವಿ."

ಅವರು ಕಾಲನ್ನು ಒತ್ತಿ ನೋಡಿದರು. ನಾನು ಕಿರುಚಿದೆ. "ತಾಲೀಮಿನ್ಯಾಗ ಕಾಲು ಮುರಕೊಂಡ್ರಿ. ಖರೇ ಆಟದಾಗ ಏನ ಮುರಕೋತಿದ್ರೋ" ಎಂದು ಹೇಳಿ ಪಟ್ಟಿ ತರಿಸಿದರು.

ಕಾಲಿಗೆ ಪಟ್ಟಿ ಬಿಗಿದು ಮಲಗಿಸಿದ ಮೇಲೆ ನಾನು ಮಾಡಿದ್ದೇನೆಂದು ನನಗೆ ಹೊಳೆಯಿತು. ಹೆರಿಗೆಗೆಂದು ಕೂಡಿಸಿಟ್ಟ ಚಕ್ಕಡಿ, ಎತ್ತು, ಚಕ್ಕಡಿ ಹೊಡೆಯುವವನು, ಕೌದಿ, ಎಲ್ಲವನ್ನೂ ನಾನೊಬ್ಬನೇ ಎತ್ತಿಕೊಂಡು ಬಂದಿದ್ದೆ. ಅತ್ತೆ ನನ್ನಿಂದ ಕೇಳಿದ್ದು ಒಂದೇ ಒಂದು. ಅದೂ ಈಗ ದವಾಖಾನೆಯ ಅಂಗಳದಲ್ಲಿ ನಿಂತಿತ್ತು. ಬೀರಸಿದ್ದಪ್ಪನ ಕೈ ಹಿಡಿದು, "ಎತ್ತಿಗೆ ನೀರು ಕುಡಿಸಿ ಈಗಿಂದೀಗ ಹೊಳ್ಳಿ ಹೋಗೋ. ಚಕ್ಕಡಿ ನಮ್ಮ ಬಾಗಲಕ ನಿಂದರಸು" ಎಂದೆ. ನನ್ನ ದನಿಯಲ್ಲಿ ಅವನಿಗೆ ಏನು ಕೇಳಿಸಿತೋ, ಚೇಷ್ಟೆ ಮಾಡದೆ ಹೊರಟುಹೋದ. ಅವನು ಮರಳಿ ಬರುವವರೆಗೆ ನಾನು ಕುಡಿದದ್ದು ನೀರು ಮಾತ್ರ.

ಮರುದಿನ ಮಧ್ಯಾಹ್ನ ಬಂದ. ಬಂದವನು ಬಾಗಿಲಲ್ಲೇ ದ್ವಾರಪಾಲಕನಂತೆ ನೆಟ್ಟಗೆ ನಿಂತ. "ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಚಲೋ ಅದಾರ" ಎಂದ. ನಾನು ಅತ್ತುಬಿಟ್ಟೆ. ಯಾರೂ ಮೂಗು ಒರೆಸಿಕೊಳ್ಳಲಿಲ್ಲ, ಅದು ಅಂಥ ಚೆಂದದ ಅಳುವೇನೂ ಆಗಿರಲಿಲ್ಲ.

ನಡೆದದ್ದನ್ನು ಅವನೇ ಹೇಳಿದ. ನಮ್ಮ ಚಕ್ಕಡಿ ಊರು ದಾಟುತ್ತಲೇ ಭಾವಿಯ ಹೆಂಗಸರೆಲ್ಲ ಕಣ್ಣೀರು ತಂದುಕೊಂಡು ಅತ್ತೆಗೆ ಧೈರ್ಯ ಹೇಳಲು ನಮ್ಮ ಮನೆಗೆ ಹೋದರಂತೆ. ಒಳಗೆ ನೋಡಿದರೆ ಶಿವಗಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಒಬ್ಬಳು ಅಲ್ಲೇ ಕುಸಿದಳು, ಇನ್ನೊಬ್ಬಳು ವಿಭೂತಿ ಹುಡುಕಿದಳು. "ಎವ್ವಾ, ನೀ ಇಲ್ಲಿದ್ರ ಚಕ್ಕಡ್ಯಾಗ ನಳ್ಳಿಕೋತ ಹೋದಾಕಿ ಯಾರ?" ಎಂದು ಮೂರನೆಯವಳು ಕೇಳಿದಳು. "ನನ್ನ ಗಂಡ" ಎಂದಳು ಶಿವಗಂಗವ್ವ. ಹೇಳಿ ನಗತೊಡಗಿದಳು. ಹೆಂಗಸರೂ ನಕ್ಕರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು, ಕಡೆಗೆ ನಗು ನಿಂತರೂ ಹೊಟ್ಟೆ ಹಿಡಿದುಕೊಂಡ ಕೈ ಬಿಡಲಿಲ್ಲ.

ಲಗಮವ್ವ ಕುಂಟುತ್ತ ಮನೆ ಮುಟ್ಟುವಷ್ಟರಲ್ಲಿ ಬೇನೆ ಬಿಗಿದಿತ್ತು. ಆ ಸಂಜೆಯೇ ಕೂಸಾಯಿತು. ಉದ್ದವ್ವ ಕೂಸು ಅಳುವವರೆಗೂ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದಳಂತೆ. ಕೂಸು ಅತ್ತ ಮೇಲೆ ಹೊರಗೆ ಬಂದು, ಖಾಲಿ ಬಾಗಿಲನ್ನು ನೋಡಿ, "ಚಕ್ಕಡಿ ಬೇಕಾಗಲಿಲ್ಲ" ಎಂದಳಂತೆ. ಹಾಗೆಂದವಳೇ ಅಲ್ಲೇ ಕಟ್ಟೆಯ ಮೇಲೆ ಕುಳಿತು ತುಂಬ ಹೊತ್ತು ಅತ್ತಳಂತೆ.

ಕೆಲವು ದಿನಗಳ ಮೇಲೆ ನನ್ನನ್ನು ಮನೆಗೆ ತಂದರು. ನಡುಮನೆಯಲ್ಲಿ ನನಗೊಂದು ಹೊರಸು, ಒಳಕೋಣೆಯಲ್ಲಿ ಬಾಣಂತಿಗೊಂದು. ಅತ್ತೆ ಇಬ್ಬರಿಗೂ ಭೇದ ಮಾಡಲಿಲ್ಲ. ಅವಳಿಗೆ ಅಂಟಿನ ಉಂಡಿ ಕೊಟ್ಟರೆ ನನಗೂ ಕೊಟ್ಟಳು. ಅವಳ ಹೊರಸಿನ ಕೆಳಗೆ ಕೆಂಡ ಇಟ್ಟರೆ ನನ್ನ ಹೊರಸಿನ ಕೆಳಗೂ ಇಟ್ಟಳು. "ಅತ್ತಿ, ನನಗ ಕೆಂಡ ಯಾಕ?" ಎಂದರೆ, "ಮೈ ಹಸೀ ಐತಿ, ಸುಮ್ಮನಿರ್ರಿ" ಎಂದಳು. ಅತ್ತೆ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಒಂದು ದಿನ ಮೂಡಲಗಿಯಿಂದ ನಮ್ಮ ಸಂಬಂಧಿಕಳಾದ ಕೆಂಪವ್ವ ಕೂಸು ನೋಡಲು ಬಂದಳು. ಅವಳ ಸೊಸೆಗೂ ದಿನ ತುಂಬಿದ್ದವು. ನನ್ನ ಹೊರಸನ್ನು ದಾಟಿ ಒಳಗೆ ಹೋದವಳು ಮೆಲ್ಲಗೆ ವಿಚಾರ ತೆಗೆದಳು.

"ಶಿವಗಂಗಾ, ಖರೇ ಹೇಳು. ಹಡಿಯೂದು ಮನ್ಯಾಗ ಚಲೋನೋ, ದವಾಖಾನ್ಯಾಗ ಚಲೋನೋ?"

ಇನ್ನಾದರೂ ನನ್ನ ವ್ಯವಸ್ಥೆಗೆ ಒಂದು ಒಳ್ಳೆಯ ಮಾತು ಸಿಕ್ಕೀತೆಂದು ಹೊರಸಿನಲ್ಲಿ ಕಿವಿ ನಿಮಿರಿಸಿದೆ. ಒಳಗಿನಿಂದ ನನ್ನ ಹೆಂಡತಿಯ ದನಿ ನಡುಮನೆಗೂ ಕೇಳುವಂತೆ ಬಂತು.

"ನಮ್ಮ ಮನ್ಯಾಗ ಎರಡೂ ಆಗ್ಯಾವ ಚಿಗವ್ವಾ, ನೀನ ನೋಡು. ಮನ್ಯಾಗ ಹಡದಾಕಿ ಎದ್ದು ಅಡ್ಡಾಡಾಕತ್ತೇನಿ. ದವಾಖಾನಿಗೆ ಹೋದಾಕಿ ಇನ್ನೂ ಮಲಗ್ಯಾಳ."