ಹನ್ನೊಂದು ರಟ್ಟಿನ ಬಿಲ್ಲೆಗಳು

ತಕ್ಕಡಿ ಸಾಹೇಬರ ತಲೆ ಕೆಟ್ಟಿತ್ತು. ಕೆಡಿಸಿದ್ದು ಒಂದು ಏಸಿ. ಅದೂ ಇನ್ನೂ ಮನೆಗೇ ಬಾರದ ಏಸಿ.

ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಸಾಹೇಬರ ಉದ್ಯೋಗ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಮಾಡಿ, ಮೂರು ಸಲ ಅಳೆಯದ ಹೊರತು ಏನನ್ನೂ ನಂಬದ ಸ್ಥಿತಿಗೆ ತಲುಪಿದ್ದರು. ಹಾಲು ಉಕ್ಕಿತು ಎಂದು ಯಾರಾದರೂ ಕೂಗಿದರೆ "ಎಷ್ಟು ಉಕ್ಕಿತು?" ಎಂದು ಕೇಳುವವರು. (ಮದುವೆಗೆ ಒಪ್ಪಿಗೆಯೇ ಎಂದು ಹೆಂಡತಿಯನ್ನೂ ಮೂರು ಸಲ ಕೇಳಿದ್ದರು. ಮೂರನೆಯ ಸಲ ಆಕೆಗೇ ಸಣ್ಣ ಅನುಮಾನ ಬಂದಿತ್ತಂತೆ.)

ಹೆಂಡತಿ ಆಸ್ಪತ್ರೆಯ ದಾದಿಯರಿಗೆ ಬಿಳಿ ಅಂಗಿ ಹೊಲಿದುಕೊಡುತ್ತಿದ್ದರು. ಬೇಸಿಗೆ ಬಂತೆಂದರೆ ಯಂತ್ರದ ಮೇಲೆ ಬಗ್ಗಿದ ಹಣೆಯಿಂದ ಬೆವರು ತೊಟ್ಟಿಕ್ಕಿ ಬಿಳಿ ಬಟ್ಟೆಗೆ ಕಲೆಯಾಗುತ್ತಿತ್ತು. ಫ್ಯಾನ್ ಹಾಕೋಣವೆಂದರೆ ಕತ್ತರಿಸಿಟ್ಟ ತೋಳು, ಕಾಲರು, ಜೇಬುಗಳೆಲ್ಲ ಒಡತಿಯನ್ನು ಬಿಟ್ಟು ಹಾರಿಹೋಗುತ್ತಿದ್ದವು. ಐದು ಬೇಸಿಗೆ ಹಣೆಗೆ ಟವೆಲ್ ಕಟ್ಟಿಕೊಂಡು ತಳ್ಳಿದರು. ಆರನೆಯ ಬೇಸಿಗೆಯ ಮೊದಲ ಸೋಮವಾರ ಒಂದು ಬೀಗದ ಕೈ ತಂದು ಹಜಾರದ ಮೊಳೆಗೆ ತಗುಲಿಸಿದರು.

"ರೀ, ಬೇಕರಿ ಮೇಲ್ಗಡೆ ಒಂದು ಕೋಣೆ ಖಾಲಿ ಇದೆ. ಏಸಿ ಇದೆ. ತಿಂಗಳ ಕೊನೇ ಶನಿವಾರದೊಳಗೆ ಹೇಳಿ ಅಂದಿದ್ದಾರೆ. ಯಂತ್ರಾನ ಅಲ್ಲಿಗೇ ಸಾಗಿಸ್ತೀನಿ. ಬೆಳಿಗ್ಗೆ ಎಂಟಕ್ಕೆ ಹೋದ್ರೆ ಕತ್ತಲಾದ್ಮೇಲೆ ಬರ್ತೀನಿ."

ಸಾಹೇಬರು ಮೊಳೆಯ ಮೇಲಿನ ಬೀಗದ ಕೈಯನ್ನು ನೋಡಿದರು. ಇಷ್ಟು ವರ್ಷ ಅವರು ತಪಾಸಣಾ ವರದಿಗಳನ್ನೆಲ್ಲ ಬರೆದದ್ದು ಮನೆಯ ಹಿಂಭಾಗದಿಂದ ಬರುವ ಆ ಯಂತ್ರದ ಕಟಕಟ ಕೇಳಿಕೊಂಡೇ. ಸದ್ದು ನಿಂತರೆ ಅವರ ಪೆನ್ನೂ ನಿಲ್ಲುತ್ತಿತ್ತು. ಆದರೆ ಇಂಥ ಮಾತನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಅದಕ್ಕೆ ಯಾವ ಏಕಮಾನವೂ ಇರಲಿಲ್ಲ.

"ಶನಿವಾರದೊಳಗೆ ಮನೆಗೇ ಏಸಿ ಹಾಕಿಸೋದು ತೀರ್ಮಾನ ಮಾಡ್ತೀನಿ" ಎಂದರು. "ಆದರೆ ನಾನು ಅಳೆಯೋವಾಗ ಯಾರೂ ನಡುವೆ ಮಾತಾಡಬಾರದು. ಲೆಕ್ಕ ತಪ್ಪುತ್ತೆ."

"ಆಗಲಿ" ಎಂದರು ಹೆಂಡತಿ. ಈ ಒಂದು ಪದ ಮುಂದೆ ಇಷ್ಟು ದುಬಾರಿಯಾದೀತೆಂದು ಸಾಹೇಬರಿಗೆ ಹೊಳೆಯಲಿಲ್ಲ.

ಮಾಮೂಲಿ ಏಸಿ ಆಗದು ಎಂಬುದು ಮೊದಲ ವಾರವೇ ಖಚಿತವಾಯಿತು. ಕೋಣೆಗೊಂದು ಡಬ್ಬ, ಗೋಡೆಯಾಚೆ ಅದಕ್ಕೊಂದು ದೊಡ್ಡ ಡಬ್ಬ. ಹೊರಗಿನಿಂದ ಮನೆ ನೋಡಿದರೆ ಗೋದಾಮು ಅನ್ನಿಸೀತು. ಇಡೀ ಮನೆಗೆ ಒಂದೇ ಯಂತ್ರ ಇಡೋಣವೆಂದರೆ, ತಂಪು ಗಾಳಿ ಸಾಗಿಸುವ ಅಗಲವಾದ ತಗಡಿನ ಕೊಳವೆ ಅವರ ಹಳೆಯ ಮನೆಯ ಅಟ್ಟದಲ್ಲಿ ಹಿಡಿಸದು. ಆ ಅಟ್ಟದಲ್ಲಿ ಬೆಕ್ಕು ಕೂಡ ತಲೆ ತಗ್ಗಿಸಿ ವಿನಯದಿಂದ ಓಡಾಡಬೇಕು. ಆಗ ಕಣ್ಣಿಗೆ ಬಿದ್ದದ್ದು ಹೈ ವೆಲಾಸಿಟಿ ಏಸಿ. ಅದರ ಕೊಳವೆ ತೋಳಿನ ಗಾತ್ರದ್ದು, ಬಳುಕುತ್ತದೆ, ಎಂಥ ಸಂದಿಯಲ್ಲೂ ನುಸುಳುತ್ತದೆ. ಚಾವಣಿಯಲ್ಲಿ ಕಾಣುವುದು ಐದು ಸೆಂಟಿಮೀಟರ್ ಅಗಲದ ಒಂದು ದುಂಡು ಬಾಯಿ ಮಾತ್ರ. ಅದರಿಂದ ರಭಸವಾಗಿ ನುಗ್ಗಿದ ಗಾಳಿ ಕೋಣೆಯ ಗಾಳಿಯನ್ನೂ ಎಳೆದುಕೊಂಡು ಸುತ್ತಿ, ನೆಲದಿಂದ ಸೂರಿನವರೆಗೆ ಒಂದೇ ಸಮನೆ ತಂಪು ಮಾಡುತ್ತದೆ ಎಂದು ಮಾಹಿತಿ ಪುಸ್ತಿಕೆ ಸಾರುತ್ತಿತ್ತು.

ಸಾಹೇಬರು ಇನ್ನೂರು ಪುಟದ ಪುಸ್ತಕ ತೆಗೆದು, ನಡುವೆ ಗೆರೆ ಎಳೆದು, ಎಡಕ್ಕೆ 'ಗುಣ' ಬಲಕ್ಕೆ 'ದೋಷ' ಎಂದು ಬರೆದರು. ಗೊಂದಲ ಶುರುವಾದದ್ದು ಅಲ್ಲಿಂದ.

"ಬಾಯಿ ಚಿಕ್ಕದು, ಕಣ್ಣಿಗೆ ಕಾಣಲ್ಲ" ಎಂದು ಗುಣದ ಕಡೆ ಬರೆಯುತ್ತಿದ್ದಂತೆ, ಪಕ್ಕದಲ್ಲಿ ಕುಳಿತಿದ್ದ ಅಮ್ಮ (ಎಪ್ಪತ್ತೆಂಟು ವರ್ಷ, ಕನ್ನಡಕ ಇಲ್ಲದೆಯೂ ಪರರ ಪುಸ್ತಕ ಓದಬಲ್ಲವರು) ಕೇಳಿದರು:

"ಕಾಣದೇ ಇದ್ರೆ ನಮ್ಮನೇಲಿ ಏಸಿ ಇದೆ ಅಂತ ಜನಕ್ಕೆ ಹೇಗೋ ಗೊತ್ತಾಗುತ್ತೆ?"

ಸಾಹೇಬರು ಅದನ್ನೇ ಬಲಗಡೆಗೂ ಬರೆದರು. "ಗಾಳಿ ಸುಯ್ಯೆಂದು ಸದ್ದು ಮಾಡಬಹುದು" ಎಂದು ದೋಷದ ಕಡೆ ಬರೆದರೆ, ಕಾಲೇಜಿಗೆ ಹೋಗುವ ಮಗಳು "ಒಳ್ಳೇದೇ ಅಪ್ಪಾ, ಅಜ್ಜಿ ಗೊರಕೆ ಕೇಳಿಸಲ್ಲ" ಎಂದಳು. ಅದು ಎಡಗಡೆಗೂ ಹೋಯಿತು. ಎರಡು ವಾರ ಕಳೆಯುವಷ್ಟರಲ್ಲಿ ಗುಣ ನಲವತ್ತೊಂದು, ದೋಷ ನಲವತ್ತೊಂದು. ಅಕ್ಷರವೂ ಬದಲಾಗದ ಅವೇ ನಲವತ್ತೊಂದು. ವೃತ್ತಿಜೀವನದಲ್ಲಿ ಇಷ್ಟು ಸಮತೂಕದ ತಕ್ಕಡಿಯನ್ನು ಅವರು ನೋಡಿರಲಿಲ್ಲ. ಅದರಿಂದ ಮೂರು ಕಾಸಿನ ಪ್ರಯೋಜನವೂ ಇರಲಿಲ್ಲ.

ಪ್ರಯೋಗ ಮಾಡದೆ ಗತಿಯಿಲ್ಲ ಎಂದು ಮೂರನೆಯ ವಾರ ನಿಶ್ಚಯವಾಯಿತು. ಏಸಿ ಮೇಸ್ತ್ರಿಗೆ ಫೋನ್ ಮಾಡಿದಾಗ ಅವನು, "ನಿಮ್ಮ ಮನೆ ಅಳತೆಯ ಯಂತ್ರಕ್ಕೆ ಹನ್ನೊಂದು ಬಾಯಿ ಸಾರ್. ಹೆಚ್ಚೂ ಇಲ್ಲ ಕಡಿಮೇನೂ ಇಲ್ಲ. ಎಲ್ಲೆಲ್ಲಿ ಅಂತ ಗುರುತು ಮಾಡಿಡಿ, ಶನಿವಾರ ಬರ್ತೀನಿ" ಎಂದಿದ್ದ. ಸಾಹೇಬರು ಕೈವಾರ ಹಿಡಿದು ರಟ್ಟಿನಲ್ಲಿ ಐದೈದು ಸೆಂಟಿಮೀಟರಿನ ಹನ್ನೊಂದು ಬಿಲ್ಲೆ ಕತ್ತರಿಸಿದರು. ಮನೆ ಕೊಳ್ಳುವಾಗ ಬಂದಿದ್ದ ಹಳೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅದರಲ್ಲಿದ್ದ ಒಂದೊಂದು ಕೋಣೆಯನ್ನೂ ಅಳೆದರು. ಹಜಾರಕ್ಕೆ ಮೂರು, ಅಮ್ಮನ ಕೋಣೆಗೆ ಎರಡು, ಮಗಳ ಕೋಣೆಗೆ ಎರಡು, ತಾವು ಮಲಗುವ ಕೋಣೆಗೆ ಒಂದು, ಅಡುಗೆಮನೆಗೆ ಒಂದು. ಸಾಮಾನು ಕೋಣೆಗೆ ಬೇಡವೆಂದು ಪುಸ್ತಿಕೆಯೇ ಹೇಳಿತ್ತು. ಉಳಿದ ಎರಡು ತಾವು ಬರೆಯುವ ಕೋಣೆಗೆ: ಒಂದು ಮೇಜಿನ ಮೇಲ್ಗಡೆ, ಇನ್ನೊಂದು ಹಿತ್ತಾಳೆಯ ಹಳೇ ತೂಕದ ಬಟ್ಟುಗಳನ್ನಿಟ್ಟ ಕಪಾಟಿನ ಮೇಲ್ಗಡೆ. (ಹಿತ್ತಾಳೆ ಬಿಸಿಗೆ ಹಿಗ್ಗುತ್ತದೆ. ವಿಜ್ಞಾನ ಓದಿದವರಿಗೆ ಇದೆಲ್ಲ ಗೊತ್ತಿರುತ್ತದೆ.)

ಏಣಿ ಹತ್ತಿ ಹನ್ನೊಂದನ್ನೂ ಚಾವಣಿಗೆ ಅಂಟಿಸಿ ಇಳಿದಾಗ ಹೆಂಡತಿ ಹಣೆಯ ಟವೆಲ್ ಸಮೇತ ಬಂದು ಕತ್ತೆತ್ತಿ ನೋಡಿದರು.

"ಎಲ್ಲ ಜಾಗಾನೂ ಆಯ್ತಾ?"

"ನಕ್ಷೆಯಲ್ಲಿರೋ ಒಂದು ಚದರಡೀನೂ ಬಿಟ್ಟಿಲ್ಲ."

ಆಕೆ ಏನೋ ಹೇಳಲು ಬಾಯಿ ತೆರೆದರು. ಸಾಹೇಬರ ಕೈಯಲ್ಲಿ ಇನ್ನೂ ಟೇಪು ಇತ್ತು. ಬಾಯಿ ಮುಚ್ಚಿ ಒಳಗೆ ಹೋದರು. ಯಂತ್ರದ ಕಟಕಟ ಮೊದಲಿಗಿಂತ ಜೋರಾಗಿ ಕೇಳಿಸಿತು.

ಮನೆಯವರನ್ನು ಕೂರಿಸಿ ಸಾಹೇಬರು ಬಿಲ್ಲೆಗಳ ಬಗ್ಗೆ ವಿವರಿಸಿದರು. ಇಲ್ಲಿಂದ ಗಾಳಿ ಹೇಗೆ ಧುಮುಕುತ್ತದೆ, ಹೇಗೆ ಸುತ್ತುತ್ತದೆ, ನೇರ ಕೆಳಗೆ ಕೂತವರಿಗೆ ಹೇಗೆ ಚುರುಕಾಗಿ ತಾಗುತ್ತದೆ ಎಂದು ಕೈಯಾಡಿಸಿ ತೋರಿಸಿದರು. ವಿವರಣೆ ಸ್ವಲ್ಪ ಹೆಚ್ಚೇ ಚೆನ್ನಾಗಿತ್ತು ಎಂದು ಕಾಣುತ್ತದೆ. ಮಾರನೆಯ ಬೆಳಿಗ್ಗೆ ಅಮ್ಮ ಹಾಸಿಗೆಯಲ್ಲಿ ಶಾಲು ಹೊದ್ದು ಕುಳಿತಿದ್ದರು.

"ಏನೋ ಇದು, ಅದನ್ನ ನನ್ನ ಮೊಣಕಾಲಿಗೇ ಗುರಿ ಇಟ್ಟಿದ್ದೀಯಲ್ಲೋ. ಜುಂ ಅಂತಿದೆ."

"ಯಾವುದಮ್ಮಾ?"

"ಅದೇ, ಮೇಲಿರೋದು."

"ಅಮ್ಮಾ, ಅದು ರಟ್ಟು."

"ರಟ್ಟು ಅಂತ ನಂಗೂ ಗೊತ್ತು. ಅದಕ್ಕೆ ಹೀಗೆ. ನಿಜವಾದ್ದು ಬಂದ್ರೆ ನಾನು ಉಳೀತೀನೇನೋ?"

ಸಾಹೇಬರು ಉಷ್ಣಮಾಪಕ ತಂದು ಹಿಡಿದರು. ಮೂವತ್ಮೂರು ಡಿಗ್ರಿ. ಮತ್ತೆ ಹಿಡಿದರು. ಮೂವತ್ಮೂರು. ಮೂರನೆಯ ಸಲವೂ ಅಷ್ಟೇ. ಅಮ್ಮ ಶಾಲಿನೊಳಗೆ ಒಂದು ಸೀನು ಸೀನಿದರು. ಬಿಲ್ಲೆಯನ್ನು ಕಿತ್ತು ಮೂಲೆಗೆ ಅಂಟಿಸಿದರೆ, ಅಮ್ಮ ಶಾಲು ತೆಗೆದು ಬೀಸಣಿಗೆ ಕೈಗೆತ್ತಿಕೊಂಡರು.

"ಈಗ ನೋಡು, ಸೆಕೆ ತಡೆಯೋಕಾಗ್ತಿಲ್ಲ."

ಮಗಳ ಕೋಣೆಯಲ್ಲಿ ಟಿಪ್ಪಣಿಯ ಹಾಳೆಗಳ ಮೇಲೆಲ್ಲ ಭಾರ ಇಟ್ಟಿತ್ತು. "ಹಾರಲ್ಲ ಅಂತ ಗೊತ್ತಪ್ಪಾ, ಸುಮ್ನೆ ಧೈರ್ಯಕ್ಕೆ" ಎಂದಳು. ಸಾಹೇಬರಿಗೆ ಉಷ್ಣಮಾಪಕದ ಮೇಲೆಯೇ ಗುಮಾನಿ ಬಂದು, ಕಚೇರಿಗೆ ಒಯ್ದು ಪ್ರಮಾಣಿತ ಉಷ್ಣಮಾಪಕದ ಜತೆ ಹೋಲಿಸಿದರು. ಕೂದಲೆಳೆಯಷ್ಟೂ ದೋಷವಿಲ್ಲ. ಹಾಗಾದರೆ ದೋಷ ಇರುವುದು ಮನೆಯವರಲ್ಲಿ. ಆದರೆ ಮನೆಯವರನ್ನು ಸರಿಪಡಿಸಿ ಮುದ್ರೆ ಒತ್ತುವ ಕಾನೂನು ಇರಲಿಲ್ಲ.

ಗುಣದ ಕಡೆ ಬರೆಯುವುದೋ ದೋಷದ ಕಡೆ ಬರೆಯುವುದೋ ತಿಳಿಯದೆ, ತಮ್ಮ ಮೇಜಿಗೆ ಬಂದು ಬಿಲ್ಲೆಯ ಕೆಳಗೆ ಕುಳಿತು, ಅಂಗಿಯ ಗುಂಡಿಗಳನ್ನು ಕತ್ತಿನ ತನಕ ಹಾಕಿಕೊಂಡು ಯೋಚಿಸಿದರು.

ಚಹಾ ತಂದ ಹೆಂಡತಿ ಆ ಗುಂಡಿಯನ್ನು ನೋಡಿದರು, ಚಾವಣಿಯನ್ನೂ ನೋಡಿದರು. ಆದರೆ ಸಾಹೇಬರು ಅಳೆಯುತ್ತಿದ್ದರಲ್ಲ.

ಶನಿವಾರ ಬಂತು. ಏಸಿ ಮೇಸ್ತ್ರಿಯೂ ಬಂದ. ಹೆಂಡತಿ ಬೆಳಿಗ್ಗೆಯೇ ಮೊಳೆಯಿಂದ ಬೀಗದ ಕೈ ತೆಗೆದು ಸೆರಗಿಗೆ ಕಟ್ಟಿಕೊಂಡದ್ದನ್ನು ಸಾಹೇಬರು ಗಮನಿಸಿದ್ದರು. ಆದರೂ ಧೈರ್ಯ ಮಾಡಿ ಮೇಸ್ತ್ರಿಯನ್ನು ಕೋಣೆ ಕೋಣೆಗೆ ಕರೆದೊಯ್ದರು. ಅವನು ಹನ್ನೊಂದು ಬಿಲ್ಲೆ ಎಣಿಸಿ, "ಇಷ್ಟು ಚೊಕ್ಕವಾಗಿ ಯಾರೂ ಗುರುತು ಮಾಡಿಟ್ಟಿದ್ದಿಲ್ಲ ಸಾರ್" ಎಂದಾಗ ಸಾಹೇಬರು ಅರ್ಧ ಅಂಗುಲ ಎತ್ತರವಾದರು.

"ಅಂದ ಹಾಗೆ ಆ ಕಟಕಟ ಸದ್ದು ಎಲ್ಲಿಂದ ಸಾರ್?"

"ನಮ್ಮ ಮನೆಯವರು ಹೊಲೀತಾ ಇದ್ದಾರೆ. ಪಾಪ, ಸೆಕೇಲಿ ಬೇಯ್ತಾರೆ. ಇದೆಲ್ಲ ಅವರಿಗೋಸ್ಕರವೇ."

"ಹೌದಾ? ಆ ಕೋಣೆ ತೋರಿಸಲೇ ಇಲ್ಲ."

ಅಡುಗೆಮನೆ ದಾಟಿ ಹಿಂದಿನ ಚಿಕ್ಕ ಕೋಣೆಗೆ ಹೋದರು. ಒಂದೇ ಕಿಟಕಿ, ಅದರ ಪಕ್ಕ ಯಂತ್ರ, ಗೋಡೆಗುಂಟ ಬಿಳಿ ಬಟ್ಟೆಯ ಗಂಟು. ಮೇಸ್ತ್ರಿ ಕತ್ತೆತ್ತಿದ. ಸಾಹೇಬರೂ ಎತ್ತಿದರು. ಚಾವಣಿಯಲ್ಲಿ ಒಂದು ಜೇಡರ ಬಲೆ ಇತ್ತು. ದುಂಡಗಿನದು ಅಂತ ಇದ್ದದ್ದು ಅದೊಂದೇ.

ಯಂತ್ರ ನಿಂತಿತು.

"ನಾಲ್ಕು ವಾರದಿಂದ ಕಾಯ್ತಾ ಇದ್ದೀನಿ" ಎಂದರು ಹೆಂಡತಿ, ದಾರ ಕಚ್ಚಿ ತುಂಡರಿಸಿ. "ಏಣಿ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ."

"ಒಂದು ಮಾತು ಹೇಳಬಹುದಿತ್ತಲ್ಲೇ!"

"ನೀವು ಅಳೀತಾ ಇದ್ರಿ. ಅಳೆಯೋವಾಗ ಮಾತಾಡಬೇಡಿ ಅಂದಿದ್ರಿ."

ಸಾಹೇಬರು ಗಡಿಬಿಡಿಯಿಂದ ನಕ್ಷೆ ಬಿಚ್ಚಿ, ಬೆರಳಿಟ್ಟು ತೋರಿಸಿದರು. "ನೋಡು, ನನ್ನ ತಪ್ಪಿಲ್ಲ. ಇದರಲ್ಲಿ 'ಸಾಮಾನು ಕೋಣೆ' ಅಂತಿದೆ."

"ಸರಿಯಾಗೇ ಇದೆ. ಆರು ವರ್ಷದಿಂದ ನಾನೇ ಆ ಸಾಮಾನು."

ಮೇಸ್ತ್ರಿ ಕಿಟಕಿಯ ಹೊರಗಿನ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಬಾಗಿಲಲ್ಲಿ ಅಜ್ಜಿ ಮೊಮ್ಮಗಳು ಬಂದು ನಿಂತಿದ್ದರು. ಸಾಹೇಬರು ನಕ್ಷೆ ಮಡಚಿ, "ಹನ್ನೆರಡು ಮಾಡೋಕಾಗಲ್ವಾ?" ಎಂದು ಕೇಳಿದರು.

"ಹನ್ನೊಂದೇ ಸಾರ್. ಈ ಕೋಣೆಗೆ ಎರಡು ಬೇಕು. ಅಟ್ಟದ ಮೇಲೆ ಸೂರ್ಯ ನೇರ ಬೀಳ್ತಾನೆ. ಎರಡೂ ಮೂಲೇಲಿ ಕೂರಿಸಿದ್ರೆ ಗಾಳಿ ಬಟ್ಟೆ ಮೇಲೆ ಬೀಳಲ್ಲ, ಒಂದು ಚೂರೂ ಹಾರಲ್ಲ. ಬೇರೆ ಕಡೆಯಿಂದ ಎರಡು ಬಿಡಿಸಿ ಕೊಡಿ."

"ಅಮ್ಮಾ, ನಿಮ್ಮ ಕೋಣೆಯದು ಒಂದು..."

"ಮುಟ್ಟಿ ನೋಡು! ಈಗ ತಾನೇ ಒಗ್ಗಿದೆ. ಮೂಲೇದು ಹಗಲಿಗೆ, ನಡುವಿನದು ರಾತ್ರಿಗೆ."

"ಮಗಳೇ?"

"ಪರೀಕ್ಷೆ ಇದೆ ಅಪ್ಪಾ. ನಿಮ್ಮ ಕಪಾಟಿನ ಮೇಲಿರೋದು ತೆಗೀರಿ. ಹಿತ್ತಾಳೆ ಬಟ್ಟಿಗೆ ಏಸಿ ಯಾಕೆ?"

"ಬಿಸಿಗೆ ಹಿಗ್ಗುತ್ತಮ್ಮಾ."

"ಹಿಗ್ಗಿದ್ರೆ ತೂಕ ಬದಲಾಗುತ್ತಾ?"

ಸಾಹೇಬರು ಇಪ್ಪತ್ತಾರು ವರ್ಷದ ಅನುಭವವನ್ನು ಒಟ್ಟುಗೂಡಿಸಿ ಉತ್ತರಿಸಿದರು. "ಇಲ್ಲ."

ಹೆಂಡತಿ ಸೆರಗಿನ ಗಂಟಿನ ಮೇಲೆ ಕೈಯಿಟ್ಟರು. ಅಷ್ಟೇ ಸಾಕಾಯಿತು. ಸಾಹೇಬರು ಏಣಿ ಹೊತ್ತು ಬರೆಯುವ ಕೋಣೆಗೆ ಓಡಿದರು. ಕಪಾಟಿನ ಮೇಲಿನ ಬಿಲ್ಲೆ ಕಿತ್ತರು. ಮೇಜಿನ ಮೇಲಿನ ಬಿಲ್ಲೆಯನ್ನು ಒಂದು ಗಳಿಗೆ ನೋಡಿ ಅದನ್ನೂ ಕಿತ್ತರು. ಹಿಂದಿನ ಕೋಣೆಗೆ ಬಂದು, ಜೇಡರ ಬಲೆ ಗುಡಿಸಿ, ಮೇಸ್ತ್ರಿ ತೋರಿಸಿದ ಎರಡು ಮೂಲೆಗಳಲ್ಲಿ ಅಂಟಿಸಿದರು. ಜೀವನದಲ್ಲಿ ಮೊದಲ ಸಲ ಒಂದೇ ಸಲಕ್ಕೆ, ಟೇಪು ಹಿಡಿಯದೆ.

"ಯಂತ್ರ ತರಿಸಿಬಿಡು" ಎಂದರು ಮೇಸ್ತ್ರಿಗೆ. ಗುಣ ದೋಷಗಳ ಪುಸ್ತಕ ಹಜಾರದಲ್ಲೇ ಉಳಿಯಿತು. ಮೇಸ್ತ್ರಿ ಸೋಮವಾರ ಕೊಳವೆಗಳ ಜತೆ ಬರುತ್ತೇನೆಂದು ಹೇಳಿ ಹೋದ.

ಹೆಂಡತಿ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಸಾಹೇಬರ ಅಂಗೈಯಲ್ಲಿಟ್ಟರು. "ಸಂಜೆ ಬೇಕರಿ ಕಡೆ ಹೋದಾಗ ವಾಪಸ್ ಕೊಟ್ಟುಬಿಡಿ." ನಂತರ ಹಣೆಯ ಟವೆಲ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಮೂಲೆಯ ಬಿಲ್ಲೆಗಳನ್ನೊಮ್ಮೆ ನೋಡಿ, ಯಂತ್ರಕ್ಕೆ ಬಗ್ಗಿದರು.

"ರೀ, ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ. ತಂಪೆಲ್ಲ ಆಚೆ ಹೋಗುತ್ತೆ."

ಸಾಹೇಬರ ಜೇಬಿನಲ್ಲಿದ್ದ ಉಷ್ಣಮಾಪಕ ಆ ಕೋಣೆಯಲ್ಲಿ ಮೂವತ್ತಾರು ತೋರಿಸುತ್ತಿತ್ತು. ಅದನ್ನು ಹೇಳಲು ಬಾಯಿ ತೆರೆದರು. ಮುಚ್ಚಿದರು. ಟವೆಲ್ ಒಗೆಯಲು ಹಾಕೋಣವೆಂದು ಕೈಗೆತ್ತಿಕೊಂಡು, ತಂಪು ಆಚೆ ಹೋಗದಂತೆ ಬಾಗಿಲನ್ನು ಮೆಲ್ಲಗೆ ಎಳೆದರು.

ತಮ್ಮ ಕೋಣೆಗೆ ಬಂದು ಮೇಜಿನ ಮುಂದೆ ಕುಳಿತರು. ಹಿಂದಿನಿಂದ ಕಟಕಟ ಶುರುವಾಯಿತು. ಪೆನ್ನು ತೆಗೆದರು. ಎರಡು ಸಾಲು ಬರೆಯುವಷ್ಟರಲ್ಲಿ ಕತ್ತು ಬೆವರಿತು. ಮೇಲಿನ ಗುಂಡಿ ಬಿಚ್ಚಿದರು, ಅದರ ಕೆಳಗಿನದೂ ಬಿಚ್ಚಿದರು. ಕತ್ತೆತ್ತಿ ನೋಡಿದರೆ ಬಿಲ್ಲೆ ಇದ್ದ ಜಾಗದಲ್ಲಿ ಅಂಟಿನ ದುಂಡು ಗುರುತು ಮಾತ್ರ.

ಉಷ್ಣಮಾಪಕ ತೆಗೆದು ನೋಡಿದರು. ಮೂವತ್ಮೂರು. ಮೂರು ಸಲ ನೋಡಿದರು. ಮೂರು ಸಲವೂ ನಿನ್ನೆಯಷ್ಟೇ, ಮೊನ್ನೆಯಷ್ಟೇ ಮೂವತ್ಮೂರು.

ತಕ್ಕಡಿ ಸಾಹೇಬರು ಹೆಂಡತಿಯ ಟವೆಲನ್ನು ಹಣೆಗೆ ಕಟ್ಟಿಕೊಂಡು ವರದಿ ಮುಂದುವರಿಸಿದರು.